ಕೈ ಬಿಟ್ಟರೂ ನೆಲ ಬಿಡದ ಬಕೆಟ್: ಲೋಡರ್‌ನ ಫ್ಲೋಟ್ ಜೊತೆ ಮೂರು ಮಳೆಗಾಲ

ಟ್ರ್ಯಾಕ್ಟರ್ 27 ಎಚ್‌ಪಿಯದು, ಫೋರ್ ವೀಲ್ ಡ್ರೈವ್. ಎಷ್ಟು ಸಿಲಿಂಡರ್, ಎಷ್ಟು ಗೇರ್ ಎಂಬುದನ್ನೆಲ್ಲ ಬೇಕಾದಷ್ಟು ಜನ ಹೇಳಿದ್ದಾರೆ, ನಾನು ಮತ್ತೆ ಹೇಳುವುದಿಲ್ಲ. ನಾನು ಬರೆಯಲು ಕೂತಿದ್ದು ಅದರ ಮುಂದೆ ಕೂರಿಸಿರುವ, ಬಕೆಟ್ಟಿನಿಂದ ಬಳಿದು ಎತ್ತುವ ಲೋಡರ್ ಬಗ್ಗೆ. ಅದರಲ್ಲೂ ಲಿವರ್ ಪಕ್ಕದ ಪಟ್ಟಿಯ ಕಟ್ಟಕಡೆಯಲ್ಲಿ ‘ಎಫ್’ ಎಂದು ಕೊರೆದಿರುವ ಒಂದೇ ಒಂದು ಜಾಗದ ಬಗ್ಗೆ. ಅದೇ ಫ್ಲೋಟ್, ಬಕೆಟ್ಟನ್ನು ಒತ್ತದೆ ಅದರ ಭಾರಕ್ಕೇ ನೆಲದ ಮೇಲೆ ಬಿಡುವ ಸ್ಥಾನ. ಮೂರು ಮಳೆಗಾಲ, ಮೀಟರಿನಲ್ಲಿ 1,140 ಗಂಟೆ ಆದ ಮೇಲೆ ಹೇಳುತ್ತಿದ್ದೇನೆ: ಲೋಡರ್‌ಗೆ ಕೊಟ್ಟ 2 ಲಕ್ಷ 70 ಸಾವಿರದಲ್ಲಿ ಅರ್ಧದಷ್ಟು ಬೆಲೆ ಆ ಒಂದು ಜಾಗಕ್ಕೇ ಸಲ್ಲಬೇಕು.

ನಾವು ಶಿರಸಿ ಕಡೆಯವರು. ಹನ್ನೆರಡು ವರ್ಷದಿಂದ ಗೋವಾದ ಫೋಂಡಾ ತಾಲೂಕಿನಲ್ಲಿ ಅಡಿಕೆ, ತೆಂಗು, ಕಾಳುಮೆಣಸಿನ ತೋಟ ಮಾಡಿಕೊಂಡಿದ್ದೇವೆ. ಇಲ್ಲಿನವರು ಇಂಥ ತೋಟವನ್ನು ಕುಳಾಗರ ಎನ್ನುತ್ತಾರೆ. ಜೊತೆಗೆ 22 ಹಸುಗಳ ಕೊಟ್ಟಿಗೆ. ಒಂದು ಮಿಶ್ರತಳಿ ಹಸು ದಿನಕ್ಕೆ 15ರಿಂದ 20 ಕಿಲೋ ಸಗಣಿ ಹಾಕುತ್ತದೆ. ಅದಕ್ಕೆ ಮೂತ್ರ, ಹಾಸಿದ ದರಕು (ಒಣ ಎಲೆ), ತುಳಿದು ಕೆಡಿಸಿದ ಹುಲ್ಲು ಸೇರಿದರೆ ಎಷ್ಟಾಗುತ್ತದೆ ಎಂಬುದು ಕೊಟ್ಟಿಗೆ ಬಳಿದವರಿಗೆ ಗೊತ್ತು. ಕೆಲಸಕ್ಕೆ ಜನ ಸಿಗುವುದಿಲ್ಲ. ರಸ್ತೆ ಸರಿ ಮಾಡಿಸಲು ಜೆಸಿಬಿ ತರಿಸಿದರೆ ಗಂಟೆಗೆ 1,300 ರೂಪಾಯಿ, ಬರುವುದು ಅವರಿಗೆ ಪುರುಸೊತ್ತಾದಾಗ. ಹಾಗಾಗಿ ಸಾಲ ಮಾಡಿ ಲೋಡರ್ ಹಾಕಿಸಿದೆ.

ಮೊದಲ ಆರು ತಿಂಗಳು ಈ ಲೋಡರ್ ಕಂಡರೆ ಸಿಟ್ಟು ಬರುತ್ತಿತ್ತು. ತಂದುಕೊಟ್ಟ ಹುಡುಗ ಇಪ್ಪತ್ತೇ ನಿಮಿಷದಲ್ಲಿ ಎತ್ತುವುದು, ಇಳಿಸುವುದು, ಬಕೆಟ್ ಮಡಚುವುದು, ಸುರಿಯುವುದು ತೋರಿಸಿ ಹೊರಟುಹೋದ. ನಾನು ಸಗಣಿ ಬಳಿಯಲು ಬಕೆಟ್ಟನ್ನು ನೆಲಕ್ಕಿಳಿಸಿ ಮುಂದೆ ಹೋಗುತ್ತಿದ್ದೆ. ಲಿವರ್ ‘ಇಳಿಸು’ ಜಾಗದಲ್ಲಿದ್ದಾಗ ಪಂಪು ಎಣ್ಣೆ ತುಂಬಿ ಬಕೆಟ್ಟನ್ನು ಕೆಳಕ್ಕೆ ಒತ್ತುತ್ತದೆ. ಸ್ವಲ್ಪ ಹೆಚ್ಚು ಒತ್ತಿದರೆ ಟ್ರ್ಯಾಕ್ಟರಿನ ಮುಂದಿನ ಗಾಲಿಗಳೇ ನೆಲದಿಂದ ಎದ್ದು ಸ್ಟೇರಿಂಗ್ ಹಗುರಾಗಿಬಿಡುತ್ತದೆ. ಕಡಿಮೆಯಾದರೆ ಒಂದಿಂಚು ಸಗಣಿ ಹಾಗೇ ಉಳಿಯುತ್ತದೆ. ಹಸು ಜಾರದಿರಲೆಂದು ಕಾಂಕ್ರೀಟಿನಲ್ಲಿ ಗೆರೆ ಎಳೆಸಿದ್ದೆವು. ಬಕೆಟ್ಟಿನ ಅಂಚು ಆ ಗೆರೆಗಳನ್ನು ಮೂರೇ ತಿಂಗಳಲ್ಲಿ ಕೆತ್ತಿ ಸಪಾಟು ಮಾಡಿತು. ಒಂದು ಬೆಳಗ್ಗೆ ಏಳು ತಿಂಗಳ ಗಬ್ಬದ ಹಸು ಅಲ್ಲೇ ಜಾರಿ ಬಿತ್ತು. ಎದ್ದಿತು, ಕರುವೂ ಉಳಿಯಿತು. ಆದರೆ ಅವತ್ತು ಲೋಡರ್ ಮಾರಿಬಿಡುತ್ತೇನೆ ಎಂದು ಮನೆಯಲ್ಲಿ ಹೇಳಿದ್ದು ನಿಜ.

ಅದನ್ನು ಉಳಿಸಿದ್ದು ನಮ್ಮ ಡ್ರೈವರ್ ಕಾಕಾ. ಅವರು ಬಾಗಲಕೋಟೆ ಕಡೆಯವರು. ಬಹಳ ವರ್ಷ ಗೋವಾದ ಸಾಂಖಳಿ ಕಡೆಯ ಗಣಿಯಲ್ಲಿ ದೊಡ್ಡ ವೀಲ್ ಲೋಡರ್ ಓಡಿಸಿದವರು. 2018ರಲ್ಲಿ ಸುಪ್ರೀಂ ಕೋರ್ಟ್ ಗೋವಾದ 88 ಗಣಿ ಗುತ್ತಿಗೆಗಳನ್ನು ರದ್ದು ಮಾಡಿದಾಗ ಕೆಲಸ ಹೋಯಿತು. ಆಮೇಲೆ ಟಿಪ್ಪರ್, ಟೆಂಪೋ ಎಂದು ಅಲ್ಲಿ ಇಲ್ಲಿ ದುಡಿದು ಕೊನೆಗೆ ನಮ್ಮಲ್ಲಿಗೆ ಬಂದರು. ಮೊದಲ ದಿನ ನಾನು ಬಳಿಯುವುದನ್ನು ಐದು ನಿಮಿಷ ಸುಮ್ಮನೆ ನೋಡಿದರು. ಆಮೇಲೆ ಹತ್ತಿ ಕೂತು, ಬಕೆಟ್ ನೆಲ ಮುಟ್ಟಿದ ಮೇಲೂ ಲಿವರನ್ನು ಅಂಗೈಯಿಂದ ಇನ್ನೂ ಮುಂದಕ್ಕೆ ತಳ್ಳಿದರು. ‘ಟಕ್’ ಎಂದಿತು. ಲಿವರ್ ಅಲ್ಲೇ ನಿಂತಿತು. ಕೈ ತೆಗೆದು ನನ್ನ ಕಡೆ ತೋರಿಸಿದರು.

“ಕೈ ಬಿಡ್ರಿ ಸಾಹೇಬ್ರ. ಇನ್ನ ಅದs ನೆಲಾ ಹುಡಿಕ್ಕೊಂಡು ಹೋಗತೈತಿ.”

ಆರು ತಿಂಗಳು ನಾನು ‘ಇಳಿಸು’ ಆದ ಮೇಲೆ ಕೈಗೆ ಸಿಗುವ ಬಿಗಿಯನ್ನು ಲಿವರಿನ ಕೊನೆ ಎಂದುಕೊಂಡಿದ್ದೆ. ಅದರಾಚೆಗೆ ಇನ್ನೊಂದು ಮೆಟ್ಟಿಲಿತ್ತು.

ಫ್ಲೋಟ್‌ನಲ್ಲಿ ಆಗುವುದು ಇಷ್ಟೇ. ಎಣ್ಣೆಯ ಒತ್ತಡದಿಂದ ಲೋಡರಿನ ತೋಳೆತ್ತುವ ಸಿಲಿಂಡರಿನ ಎರಡೂ ಬದಿಯ ಎಣ್ಣೆಗೆ ಟ್ಯಾಂಕಿನ ದಾರಿ ತೆರೆದುಕೊಳ್ಳುತ್ತದೆ. ಒತ್ತುವವರೂ ಇಲ್ಲ, ತಡೆಯುವವರೂ ಇಲ್ಲ. ಬಕೆಟ್ ತನ್ನ ಸ್ವಂತ ಭಾರದಲ್ಲಿ ನೆಲದ ಮೇಲೆ ಕೂತು, ಉಬ್ಬು ಬಂದರೆ ಏರುತ್ತದೆ, ತಗ್ಗು ಬಂದರೆ ಇಳಿಯುತ್ತದೆ. ನಮ್ಮ ರೈತರಿಗೆ ಇದು ಅಪರಿಚಿತವೇನಲ್ಲ. ಹಿಂದಿನ ಲಿಫ್ಟ್ ನೇಗಿಲನ್ನು ಎತ್ತುತ್ತದೆಯೇ ಹೊರತು ಕೆಳಕ್ಕೆ ಒತ್ತುವುದಿಲ್ಲ. ನೇಗಿಲು ಇಳಿಯುವುದು ತನ್ನ ಭಾರಕ್ಕೆ. ಫ್ಲೋಟ್‌ಗೆ ಹಾಕಿದ ಬಕೆಟ್ಟೂ ಹಾಗೆಯೇ. ಈ ಒಂದು ಮಾತನ್ನು ತಂದುಕೊಟ್ಟ ದಿನವೇ ಯಾರಾದರೂ ಹೇಳಿದ್ದರೆ ನನ್ನ ಕೊಟ್ಟಿಗೆಯ ನೆಲ ಉಳಿಯುತ್ತಿತ್ತು.

ಈಗ ನಮ್ಮ ಬೆಳಗು ಹೀಗೆ. ಐದೂಕಾಲಕ್ಕೆ ಹಾಲು ಕರೆದು ಮುಗಿಯುತ್ತದೆ, ಹಸುಗಳು ಹೊರಗಿನ ಅಂಗಳಕ್ಕೆ ಹೋಗುತ್ತವೆ. ಟ್ರ್ಯಾಕ್ಟರ್ ಎರಡು ನಿಮಿಷ ಸುಮ್ಮನೆ ಓಡಲಿ ಎಂದು ಬಿಟ್ಟು ನಾನು ಚಾ ಕುಡಿಯುತ್ತೇನೆ. ಆಮೇಲೆ ಕೆಳಗಿನ ಗೇರ್‌ನಲ್ಲಿ ಬಾಗಿಲಿನ ಹತ್ತಿರ ಬಂದು, ಬಕೆಟ್ ನೆಲಕ್ಕಿಳಿಸಿ, ತಳ ನೆಲಕ್ಕೆ ಸಮವಾಗಿದೆಯೇ ಎಂದು ಸ್ವಲ್ಪ ಬಗ್ಗಿ ನೋಡುತ್ತೇನೆ. ಅಂಚು ಕೆಳಗೆ ಬಾಗಿದ್ದರೆ ಫ್ಲೋಟ್‌ನಲ್ಲೂ ಅದು ಕಚ್ಚಿಕೊಳ್ಳುತ್ತದೆ. ಸರಿಯಿದ್ದರೆ ಟಕ್. ಅಲ್ಲಿಂದ ಆ ತುದಿಯವರೆಗೆ ಎರಡೂ ಕೈ ಸ್ಟೇರಿಂಗ್ ಮೇಲೆಯೇ. ಸಗಣಿ ಬಕೆಟ್ಟಿನೊಳಗೆ ಮಡಿಕೆ ಮಡಿಕೆಯಾಗಿ ಸುರುಳಿ ಸುತ್ತಿಕೊಂಡು ಬರುತ್ತದೆ. ಚರಂಡಿಯ ಹತ್ತಿರ ನೆಲ ಅರ್ಧ ಇಂಚು ತಗ್ಗಿದೆ, ಅಲ್ಲಿ ಬಕೆಟ್ ‘ಹುಂ’ ಎಂದಂತೆ ಇಳಿದು ಮತ್ತೆ ಏರುತ್ತದೆ. ಮೂರು ಸಾಲು ಬಳಿದರೆ ಕೊಟ್ಟಿಗೆ ಮುಗಿಯಿತು, ಹದಿನೈದು ನಿಮಿಷ. ಮೊದಲು ಇಬ್ಬರು ಸಲಿಕೆ ಹಿಡಿದು ಒಂದೂವರೆ ಗಂಟೆ ಬಳಿಯುತ್ತಿದ್ದರು.

ಕಬ್ಬಿಣದ ಅಂಚು ಕಾಂಕ್ರೀಟಿಗೆ ತಾಗುವ ಸದ್ದು ಹಸುಗಳಿಗೂ ಆಗುವುದಿಲ್ಲ, ನನಗೂ ಆಗುವುದಿಲ್ಲ. ಕಾಕಾ ಗುಜರಿಯಿಂದ ಗಣಿಯ ಹಳೆಯ ಕನ್ವೇಯರ್ ಬೆಲ್ಟಿನ ತುಂಡೊಂದನ್ನು ತಂದು, ಅಂಚಿಗಿಂತ ಎರಡು ಬೆರಳು ಕೆಳಗೆ ಬರುವಂತೆ ಬೋಲ್ಟ್ ಹಾಕಿ ಕೂರಿಸಿದರು. ಒಳಗೆ ಬಟ್ಟೆಯ ಪದರಗಳಿರುವ ಗಟ್ಟಿ ರಬ್ಬರು. ಒಂದು ತುಂಡು ಎಂಟು ತಿಂಗಳು ಬಾಳುತ್ತದೆ. ಈಗ ನೆಲ ಒರೆಸಿದ ಹಾಗೆ ಬರುತ್ತದೆ. ಫ್ಲೋಟ್ ಇಲ್ಲದಿದ್ದರೆ ಈ ರಬ್ಬರು ಎರಡು ದಿನಕ್ಕೆ ಮಡಚಿ ಹರಿದುಹೋಗುತ್ತಿತ್ತು.

ಗೇಟಿನಿಂದ ಮನೆಯವರೆಗಿನ ರಸ್ತೆಯ ವಿಷಯ ಬೇರೆ. ಅದು 180 ಮೀಟರ್ ಇಳಿಜಾರು, ಪೂರ್ತಿ ಚಿರೆಕಲ್ಲಿನ ಕೆಂಪು ಮಣ್ಣು. ಇಲ್ಲಿ ವರ್ಷಕ್ಕೆ ಸುಮಾರು 3,000 ಮಿಲಿಮೀಟರ್ ಮಳೆ, ಹೆಚ್ಚಿನದೆಲ್ಲ ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ನೀರು ಗಾಲಿಯ ಜಾಡು ಹಿಡಿದು ಮೊಣಕಾಲುದ್ದ ಕೊರೆಯುತ್ತದೆ. ಚೌತಿಗೆ ನೆಂಟರ ಸ್ಕೂಟರ್‌ಗಳು ಬರುವ ಹೊತ್ತಿಗೆ ಅದು ಸರಿಯಾಗಿರಬೇಕು. ಹೊಸಬರು ಒಂದು ವಿಷಯ ತಿಳಿದಿರಬೇಕು: ಫ್ಲೋಟ್ ಕತ್ತರಿಸುವುದಿಲ್ಲ. ಚಿರೆಕಲ್ಲು ಅಗೆದಾಗ ಮೆತ್ತಗಿದ್ದು ಗಾಳಿ ಬಿಸಿಲಿಗೆ ಗಟ್ಟಿಯಾಗುವ ಜಾತಿ. ಒಣಗಿದ ಮೇಲೆ ಬಕೆಟ್ ಅದರ ಮೇಲೆ ಸುಮ್ಮನೆ ಜಾರಿಹೋಗುತ್ತದೆ. ಮಳೆ ಎರಡು ದಿನ ಬಿಡುವು ಕೊಟ್ಟಾಗ ಮೊದಲು ಹಿಂದಿನ ಕಲ್ಟಿವೇಟರ್‌ನಿಂದ ಕೆದಕಿ, ಮಣ್ಣನ್ನು ಕೊರಕಲಿಗೆ ತುಂಬಿ, ಆಮೇಲೆ ಬಕೆಟ್ಟಿನ ಅಂಚನ್ನು ಕೊಂಚ ಕೆಳಗೆ ಬಾಗಿಸಿ ಫ್ಲೋಟ್‌ಗೆ ಹಾಕಿ ರಿವರ್ಸ್‌ನಲ್ಲಿ ಎಳೆಯಬೇಕು. ಇಸ್ತ್ರಿ ಮಾಡಿದ ಹಾಗೆ ಕೂರುತ್ತದೆ. ಬಕೆಟ್ಟನ್ನು ಪೂರ್ತಿ ಸುರಿಯುವ ಹಾಗೆ ಬಾಗಿಸಿ ಎಳೆಯಬೇಡಿ. ಬಕೆಟ್ ಬಾಗಿಸುವ ಟಿಲ್ಟ್ ಸಿಲಿಂಡರಿನ ರಾಡ್ ಬಾಗಬಹುದು. ಕಾಕಾ ಗಣಿಯಲ್ಲಿ ಅದನ್ನು ಕಣ್ಣಾರೆ ಕಂಡಿದ್ದಾರಂತೆ.

ಇಲ್ಲಿಯವರೆಗೆ ಹೊಗಳಿದೆ. ಇನ್ನು ನೋವಿನ ವಿಷಯ.

ಎರಡನೇ ಮಳೆಗಾಲದ ಜುಲೈನಲ್ಲಿ ಟಕ್ ಎನ್ನುವುದು ನಿಂತುಹೋಯಿತು. ತಳ್ಳಿದರೆ ಫ್ಲೋಟ್‌ಗೆ ಹೋಗುತ್ತದೆ, ಕೈ ಬಿಟ್ಟ ತಕ್ಷಣ ಲಿವರ್ ನಡುವಿಗೆ ಮರಳುತ್ತದೆ, ಬಕೆಟ್ ಇದ್ದಲ್ಲೇ ಬಿಗಿಯಾಗುತ್ತದೆ. ಹಾಗೆ ಬಿಗಿಯಾದ ಬಕೆಟ್ ಚರಂಡಿಯ ಅಂಚಿಗೆ ಹೊಡೆದು ಒಂದಡಿ ಕಾಂಕ್ರೀಟು ಕಿತ್ತು ಬಂತು. ಮಾರಿದವರಿಗೆ ಫೋನ್ ಮಾಡಿದೆ. “ಹಿಡ್ಕೊಂಡೇ ಓಡಿಸಿ ಸಾರ್, ಕೆಲವರು ಹಾಗೇ ಮಾಡ್ತಾರೆ” ಎಂದರು. ಎರಡನೇ ಫೋನಿಗೆ, ಲಿವರಿಗೆ ತಕ್ಕಂತೆ ಎಣ್ಣೆಯ ದಾರಿ ತಿರುಗಿಸುವ ವಾಲ್ವ್ ಪೂರ್ತಿ ಬದಲಿಸಬೇಕು, 31,000 ಆಗುತ್ತದೆ ಎಂದರು. ಮೂರನೆಯದಕ್ಕೆ ಯಾರೂ ಎತ್ತಲಿಲ್ಲ. ಹನ್ನೊಂದು ವಾರ ಕಾಕಾ ಎಡಗೈಯಲ್ಲಿ ಸ್ಟೇರಿಂಗ್, ಬಲಗೈಯಲ್ಲಿ ಲಿವರ್ ಒತ್ತಿ ಹಿಡಿದು ಬಳಿದರು. ಅವರ ಬಲ ಭುಜ ಊದಿಕೊಂಡಿತು. ಅದನ್ನು ನೆನೆದರೆ ನನಗೆ ಈಗಲೂ ಆ ಫೋನ್ ಮಾತಿನ ಮೇಲೆ ಕೋಪ ಬರುತ್ತದೆ.

ಕೊನೆಗೆ ಫೋಂಡಾದ ಒಂದು ವರ್ಕ್‌ಶಾಪಿನಲ್ಲಿ ಬಿಚ್ಚಿಸಿದೆವು. ವಾಲ್ವಿನ ತುದಿಯಲ್ಲಿ ಒಂದು ಮುಚ್ಚಳ, ಅದರೊಳಗೆ ಒಂದು ಸ್ಪ್ರಿಂಗು, ನಾಲ್ಕು ಉಕ್ಕಿನ ಗುಂಡು. ಆ ಗುಂಡುಗಳು ವಾಲ್ವಿನೊಳಗೆ ಹಿಂದೆ ಮುಂದೆ ಸರಿಯುವ ಸ್ಪೂಲ್ ಎಂಬ ರಾಡಿನ ಕಚ್ಚಿನಲ್ಲಿ ಕೂತಾಗಲೇ ಟಕ್ ಎನ್ನುವುದು. ಲಿವರ್ ಬುಡದ ರಬ್ಬರ್ ಟೋಪಿ ಹರಿದು ನೀರು ಇಳಿದಿತ್ತು. ಸ್ಪ್ರಿಂಗು ಎರಡು ತುಂಡು, ಗುಂಡುಗಳೆಲ್ಲ ತುಕ್ಕು. ಹೊಸ ಗುಂಡು, ಸ್ಪ್ರಿಂಗು, ರಬ್ಬರು, ಕೂಲಿ ಸೇರಿ 640 ರೂಪಾಯಿ. ನಮ್ಮ ಕರಾವಳಿಯ ಮಳೆಯಲ್ಲಿ ಮಾರುವ ಯಂತ್ರಕ್ಕೆ ಆ ಮುಚ್ಚಳವನ್ನು ನೀರು ಹೋಗದಂತೆ ಮಾಡಿಕೊಡುವುದು ಕಷ್ಟದ ಕೆಲಸವಲ್ಲ. ಈಗ ಪ್ರತಿ ಮೇ ಕೊನೆಗೆ ನಾವೇ ಬಿಚ್ಚಿ ಗ್ರೀಸ್ ತುಂಬುತ್ತೇವೆ, ಲಿವರಿಗೆ ಟ್ಯೂಬಿನ ರಬ್ಬರ್ ಸುತ್ತುತ್ತೇವೆ.

ಇನ್ನೊಂದು ದೂರು ಇದಕ್ಕಿಂತ ದೊಡ್ಡದು. ಬಕೆಟ್ ಮೇಲಿದ್ದಾಗ ಲಿವರ್ ಫ್ಲೋಟ್‌ಗೆ ಹೋಗದಂತೆ ತಡೆಯುವ ಒಂದು ಕೊಕ್ಕೆಯೂ ಇದರಲ್ಲಿಲ್ಲ. ರಜೆಗೆ ಬಂದಿದ್ದ ತಮ್ಮನ ಮಗ ಗೊಬ್ಬರ ತುಂಬಿದ ಬಕೆಟ್ಟನ್ನು ಎದೆಯೆತ್ತರದಲ್ಲಿ ಹಿಡಿದು ನಿಧಾನವಾಗಿ ಇಳಿಸಲು ಹೋದ. ಕೈ ಸ್ವಲ್ಪ ಮುಂದೆ ಹೋಯಿತು. ಎಣ್ಣೆಗೆ ದಾರಿ ತೆರೆದಾಗ ತಡೆಯುವುದು ಏನೂ ಇರುವುದಿಲ್ಲ, ಬಕೆಟ್ ಕಲ್ಲು ಬಿದ್ದ ಹಾಗೆ ಬಿತ್ತು. ಕಾಕಾ ಅದರ ಮುಂದಿನಿಂದ ಎರಡು ಹೆಜ್ಜೆ ಆಚೆ ಸರಿದಿದ್ದರು. ಅಂದಿನಿಂದ ನಮ್ಮಲ್ಲಿ ಬಕೆಟ್ ನೆಲ ಮುಟ್ಟದೆ ಟಕ್ ಇಲ್ಲ. ಬಕೆಟ್ಟಿನ ಮುಂದೆ ಯಾರಾದರೂ ನಿಂತಿದ್ದರೆ ಲಿವರಿಗೆ ಕೈ ಹಾಕುವುದೇ ಇಲ್ಲ.

ಇಷ್ಟಾದರೂ ಮತ್ತೆ ಕೊಳ್ಳುವುದಾದರೆ ಫ್ಲೋಟ್ ಇರುವ ಲೋಡರನ್ನೇ ಕೊಳ್ಳುತ್ತೇನೆ, ಆದರೆ ಇದೇ ಅಂಗಡಿಯಿಂದ ಅಲ್ಲ. ಅಗ್ಗದ ಕೆಲವು ಲೋಡರ್‌ಗಳ ವಾಲ್ವಿನಲ್ಲಿ ಎತ್ತು, ನಡು, ಇಳಿಸು ಆದ ಮೇಲಿನ ಆ ನಾಲ್ಕನೇ ಸ್ಥಾನವೇ ಇರುವುದಿಲ್ಲ. ಪಟ್ಟಿಯ ಮೇಲೆ ಎಫ್ ಬರೆದಿದೆ ಎಂದು ನಂಬಬೇಡಿ. ಅಂಗಡಿಯ ಅಂಗಳದಲ್ಲೇ ಬಕೆಟ್ ಇಳಿಸಿ, ಫ್ಲೋಟ್‌ಗೆ ಹಾಕಿ, ಕೈ ತೆಗೆದು, ನೆಲದಲ್ಲಿ ಒಂದು ಹಲಗೆ ಇಟ್ಟು ಬಕೆಟ್ಟನ್ನು ಅದರ ಮೇಲೆ ನಿಧಾನ ಹತ್ತಿಸಿ ನೋಡಿ. ಬಕೆಟ್ ಏರಿ, ಮುಂದಿನ ಗಾಲಿ ನೆಲದಲ್ಲೇ ಉಳಿದರೆ ಸರಿ. ಗಾಲಿ ಎದ್ದರೆ ಹಣ ಕೊಡಬೇಡಿ. ನಮ್ಮದನ್ನು ನೋಡಬೇಕೆನ್ನುವವರು ಈ ಕಡೆ ಬಂದಾಗ ಬೆಳಗ್ಗೆ ಆರರ ಒಳಗೆ ಬನ್ನಿ, ಆಮೇಲೆ ಟ್ರ್ಯಾಕ್ಟರ್ ತೋಟಕ್ಕೆ ಇಳಿದಿರುತ್ತದೆ.