ಪುಣೆಯ ಚಳಿಗೆ ಯಾವ ಹೂಗಿಡ ತಡೆಯುತ್ತದೆ? ಕೇಪಳ, ದಾಸವಾಳ, ನಂದಿಬಟ್ಟಲು, ಕಣಗಿಲೆ

ಧನುರ್ಮಾಸದ ಬೆಳಗಿನ ಪೂಜೆಗೆ ದಿನವೂ ಹೂ ಬೇಕು. ಪುಣೆಯಲ್ಲಿ ಚಳಿ ಗಟ್ಟಿಯಾಗಿ ಕೂರುವುದೂ ಅದೇ ತಿಂಗಳಲ್ಲಿ, ಡಿಸೆಂಬರ್ ಮಧ್ಯದಿಂದ ಜನವರಿ ಮಧ್ಯದ ತನಕ. ಉಡುಪಿ ಕಡೆಯಿಂದ ತಂದು ನೆಟ್ಟ ಕೇಪಳ (ಇಕ್ಸೋರಾ) ಆಗ ಎಲೆ ಹಳದಿ ಮಾಡಿಕೊಂಡು ಸುಮ್ಮನೆ ನಿಂತುಬಿಡುತ್ತದೆ. ಅದೇ ಕೇಪಳ ಮುಂಬಯಿಯ ಮಾಟುಂಗಾದಲ್ಲೋ ಗೋವೆಯ ಪೋಂಡಾದಲ್ಲೋ ಇದ್ದರೆ ಚಳಿಗಾಲ ಬಂದದ್ದೇ ಅದಕ್ಕೆ ಗೊತ್ತಾಗುವುದಿಲ್ಲ, ಸಮುದ್ರದ ಕಾವು ರಾತ್ರಿಯನ್ನು ಅಷ್ಟು ತಣ್ಣಗಾಗಲು ಬಿಡುವುದಿಲ್ಲ.

ಸದಾ ಹಸಿರಾಗಿರುವ ಈ ನಾಲ್ಕು ಪೂಜೆಯ ಗಿಡಗಳನ್ನು ಒಂದೇ ಅಳತೆಯ 12 ಇಂಚಿನ ಕುಂಡಗಳಲ್ಲಿ, ಪಾಷಾಣ್‌ನ ತೆರೆದ ಟೆರೇಸಿನ ಮೇಲೂ ಹಡಪ್ಸರ್‌ನ ಬಾಲ್ಕನಿಯಲ್ಲೂ ಇಟ್ಟು ನೋಡಿದ ಹೋಲಿಕೆ ಇದು. ಎರಡು ಜಾಗ ಬೇಕಾದದ್ದಕ್ಕೆ ಕಾರಣವಿದೆ. ಪಾಷಾಣ್, ಶಿವಾಜಿನಗರ, ಎನ್‌ಡಿಎ (ಸೇನಾ ಅಕಾಡೆಮಿ) ಕಡೆ ರಾತ್ರಿ 8-10 ಡಿಗ್ರಿಗೆ ಇಳಿದಾಗ ಹಡಪ್ಸರ್‌ನ ಮಗರಪಟ್ಟಾ, ಕೋರೆಗಾಂವ್ ಪಾರ್ಕ್ ಕಡೆ ನಾಲ್ಕೈದು ಡಿಗ್ರಿ ಹೆಚ್ಚೇ ಇರುತ್ತದೆ. ಗುಡ್ಡದ ಇಳಿಜಾರಿನಿಂದ ಜಾರಿದ ತಂಪು ಗಾಳಿ ತಗ್ಗಿನಲ್ಲಿ ನಿಲ್ಲುತ್ತದೆ, ಒತ್ತೊತ್ತಾದ ಕಾಂಕ್ರೀಟು ಹಗಲಿನ ಬಿಸಿಯನ್ನು ಹಿಡಿದಿಡುತ್ತದೆ. ಹಾಗಾಗಿ ‘ಪುಣೆಯಲ್ಲಿ ಕೇಪಳ ಚೆನ್ನಾಗಿ ಬರುತ್ತದೆ’ ಎಂದು ಯಾರಾದರೂ ಹೇಳಿದರೆ ಯಾವ ಏರಿಯಾ ಎಂದು ಮೊದಲು ಕೇಳಬೇಕು.

ಪುಣೆಯ ದಾಖಲೆಯ ಕನಿಷ್ಠ ತಾಪ 1935ರ ಜನವರಿಯ 1.7 ಡಿಗ್ರಿ. ಸಾಮಾನ್ಯ ವರ್ಷಗಳಲ್ಲಿ ಅದರ ಹತ್ತಿರಕ್ಕೂ ಹೋಗುವುದಿಲ್ಲ. ಅಂದರೆ ಇಲ್ಲಿನ ಚಳಿ ಈ ನಾಲ್ಕರಲ್ಲಿ ಯಾವುದನ್ನೂ ನೇರವಾಗಿ ಕೊಲ್ಲುವುದಿಲ್ಲ. ಅದು ಬೇರಿನ ಕೆಲಸವನ್ನು ನಿಧಾನ ಮಾಡುತ್ತದೆ. ಬೇರು ನೀರು ಕುಡಿಯುವುದನ್ನು ಕಡಿಮೆ ಮಾಡಿದ ಹೊತ್ತಿನಲ್ಲೇ ನಾವು ಬೇಸಿಗೆಯ ಲೆಕ್ಕದಲ್ಲಿ ನೀರು ಸುರಿಯುತ್ತೇವೆ. ಜನವರಿಯಲ್ಲಿ ಸತ್ತ ಗಿಡವನ್ನು ಕುಂಡದಿಂದ ಎತ್ತಿ ನೋಡಿದರೆ ಬೇರು ಕಂದಾಗಿ ಕೊಳೆತು ನಾರುತ್ತಿರುತ್ತದೆ, ಅಪರಾಧ ಮಾತ್ರ ಚಳಿಯ ತಲೆಗೆ.

ನಾಲ್ಕರಲ್ಲಿ ಅತಿ ಸೂಕ್ಷ್ಮ ಕೇಪಳವೇ. ಅದಕ್ಕೆ ಹುಳಿ ಮಣ್ಣು ಬೇಕು, ಪಿಎಚ್ 5ರಿಂದ 6ರೊಳಗೆ. ಕರಾವಳಿಯ ಜಂಬಿಟ್ಟಿಗೆ ಮಣ್ಣು ಅದನ್ನು ಕೇಳದೆಯೇ ಕೊಡುತ್ತದೆ. ಪುಣೆಯ ನೆಲ ಕಪ್ಪುಕಲ್ಲಿನಿಂದ ಆದದ್ದು, ಸುಣ್ಣದ ಅಂಶ ಹೆಚ್ಚು. ಟ್ಯಾಂಕರ್ ಮತ್ತು ಬೋರ್‌ವೆಲ್ ನೀರು ಅದಕ್ಕೆ ಇನ್ನಷ್ಟು ಸುಣ್ಣ ಸೇರಿಸುತ್ತದೆ. ಇಂಥ ಮಣ್ಣಿನಲ್ಲಿ ಕಬ್ಬಿಣ ಇದ್ದರೂ ಬೇರಿಗೆ ಸಿಗುವುದಿಲ್ಲ. ಮಣ್ಣು ತಣ್ಣಗಾದಾಗ ಹೀರಿಕೆ ಇನ್ನೂ ಇಳಿಯುತ್ತದೆ. ಆಗ ಹೊಸ ಎಲೆಗಳು ಹಳದಿಯಾಗಿ, ನರಗಳಷ್ಟೇ ಹಸಿರಾಗಿ ಉಳಿಯುತ್ತವೆ. ಪಾಷಾಣ್‌ನ ಕುಂಡದಲ್ಲಿ ಇದರ ಜೊತೆಗೆ ಹಳೆಯ ಎಲೆಗಳ ಮೇಲೆ ಕೆಂಗಂದು ಚುಕ್ಕೆಗಳೂ ಬಂದವು. ಅದು ರೋಗವಲ್ಲ, ರಂಜಕ ಮತ್ತು ಪೊಟ್ಯಾಶ್ ಕೊರತೆಯ ಗುರುತು, ಚಳಿಯಲ್ಲಿ ಎದ್ದು ಕಾಣುತ್ತದೆ. ಶಿಲೀಂಧ್ರನಾಶಕ ಹೊಡೆದರೆ ದುಡ್ಡು ದಂಡ. ಹಡಪ್ಸರ್‌ನ ಗಿಡದಲ್ಲಿ ಚುಕ್ಕೆ ಬರಲಿಲ್ಲ, ಹಳದಿ ಮಾತ್ರ ಎರಡೂ ಕಡೆ ಬಂತು.

ಹಳದಿಯಾದ ಕೂಡಲೇ ಎಪ್ಸಮ್ ಉಪ್ಪು ಹಾಕಿ ಎನ್ನುವ ಸಲಹೆ ಎಲ್ಲ ಕಡೆ ಓಡಾಡುತ್ತದೆ. ಅದು ಮೆಗ್ನೀಸಿಯಮ್. ಅದರ ಕೊರತೆ ಹಳೆಯ ಎಲೆಗಳಲ್ಲಿ ಮೊದಲು ಕಾಣುತ್ತದೆ, ಹೊಸದರಲ್ಲಿ ಅಲ್ಲ. ಇಲ್ಲಿ ಬೇಕಾದದ್ದು ಕಬ್ಬಿಣ. ಕೊಳ್ಳುವಾಗ ಪ್ಯಾಕೆಟ್ಟಿನ ಮೇಲೆ ಕಬ್ಬಿಣವನ್ನು ಹಿಡಿದಿಡುವ ರಾಸಾಯನಿಕದ ಹೆಸರು ಇಡಿಡಿಎಚ್‌ಎ ಎಂದಿದೆಯೋ ಇಡಿಟಿಎ ಎಂದಿದೆಯೋ ನೋಡಬೇಕು. ಇಡಿಟಿಎ ರೂಪದ ಕಬ್ಬಿಣ ಸುಣ್ಣದ ಮಣ್ಣಿನಲ್ಲಿ ನಿಲ್ಲುವುದಿಲ್ಲ. ಅದನ್ನು ಲೀಟರಿಗೆ 1 ಗ್ರಾಂ ಕರಗಿಸಿ ಎಲೆಗೆ ಸಿಂಪಡಿಸಬಹುದು. ಬುಡಕ್ಕೆ ಹಾಕುವುದಾದರೆ ಇಡಿಡಿಎಚ್‌ಎಯೇ ಆಗಬೇಕು: ಲೀಟರಿಗೆ 2 ಗ್ರಾಂ, ನೀರು ಕೋಕಂ ಶರಬತ್ತಿನ ಬಣ್ಣಕ್ಕೆ ತಿರುಗುತ್ತದೆ, ಒಂದು ಕುಂಡಕ್ಕೆ ಒಂದು ಲೀಟರ್ ಸಾಕು. ಇದನ್ನು ನವೆಂಬರ್ ಮೊದಲ ವಾರದಲ್ಲೇ, ಮಣ್ಣು ಇನ್ನೂ ಬೆಚ್ಚಗಿರುವಾಗ ಕೊಡಬೇಕು. ಗಂಧಕದ ಪುಡಿಯಿಂದ ಹುಳಿ ಮಾಡುವ ಯೋಚನೆ ಇದ್ದರೆ ಕುಂಡಕ್ಕೆ 10 ಗ್ರಾಂ, ಅದೂ ಜೂನ್-ಜುಲೈಯಲ್ಲಿ. ಗಂಧಕವನ್ನು ಆಮ್ಲ ಮಾಡುವುದು ಮಣ್ಣಿನ ಬ್ಯಾಕ್ಟೀರಿಯಾ, ಚಳಿಯಲ್ಲಿ ಅವುಗಳ ಕೆಲಸವೂ ಮಂದ.

ಕೇಪಳದ ಪರ ಹೇಳಬೇಕಾದ ಒಂದು ಮಾತಿದೆ. ಅದರ ಗೊಂಚಲು ಒಮ್ಮೆ ಅರಳಿದರೆ ವಾರಗಟ್ಟಲೆ ನಿಲ್ಲುತ್ತದೆ, ತಂಪಿನಲ್ಲಿ ಇನ್ನೂ ಹೆಚ್ಚು. ಆಗಸ್ಟ್ ಕೊನೆಯಲ್ಲಿ ತುದಿಗಳನ್ನು ಎರಡು ಗೆಣ್ಣಿನಷ್ಟು ಸವರಿದರೆ ಚಳಿ ಬರುವ ಮೊದಲೇ ಮೊಗ್ಗು ಕಟ್ಟಿ, ಧನುರ್ಮಾಸದ ಬಹುಭಾಗ ಆ ಗೊಂಚಲುಗಳಲ್ಲೇ ಕಳೆಯುತ್ತದೆ. ಡಿಸೆಂಬರಿನಲ್ಲಿ ಹೊಸ ಮೊಗ್ಗು ಬರಲಿ ಎಂದು ಕಾಯುವುದು ವ್ಯರ್ಥ. ತಳಿ ಆರಿಸುವ ಅವಕಾಶ ಇದ್ದರೆ ನೋರಾ ಗ್ರಾಂಟ್ ಎಂಬ ಗುಲಾಬಿ ಕೇಪಳ ಚಳಿಗೆ ಹೆಚ್ಚು ಗಟ್ಟಿ ಎಂದು ಹೆಸರಾದದ್ದು. ಆದರೆ ದೇವಿಗೆ ಕೆಂಪೇ ಬೇಕು ಎನ್ನುವ ಮನೆಗಳಲ್ಲಿ ಅದು ನಡೆಯುವುದಿಲ್ಲ.

ದಾಸವಾಳದಲ್ಲಿ ಎರಡು ಬೇರೆಯೇ ಗಿಡಗಳಿವೆ ಎಂದುಕೊಳ್ಳುವುದು ಒಳ್ಳೆಯದು. ಐದೆಸಳಿನ ದೇಸಿ ಕೆಂಪು ಒಂದು. ತಟ್ಟೆಯಗಲದ ಬಣ್ಣಬಣ್ಣದ ಹೈಬ್ರಿಡ್ ಇನ್ನೊಂದು. ಪಾಷಾಣ್‌ನಲ್ಲಿ ಹೈಬ್ರಿಡ್ ಎಲೆ ಉದುರಿಸಿತು, ಬಟಾಣಿ ಗಾತ್ರದ ಮೊಗ್ಗುಗಳೂ ತೊಟ್ಟು ಸಮೇತ ಬಿದ್ದವು. ದೇಸಿ ಕೆಂಪು ಬೆಳವಣಿಗೆ ನಿಲ್ಲಿಸಿತೇ ಹೊರತು ಇದ್ದ ಮೊಗ್ಗುಗಳನ್ನು ಬಿಡಲಿಲ್ಲ. ಹೂ ಸ್ವಲ್ಪ ಚಿಕ್ಕದು, ಬಣ್ಣ ಇನ್ನೂ ಗಾಢ. ಬೇಸಿಗೆಯಲ್ಲಿ ಸಂಜೆಗೆ ಮುದುಡುವ ಹೂ ಚಳಿಯಲ್ಲಿ ಮರುದಿನವೂ ಉಳಿಯುವುದುಂಟು. ಹೂ ಅರಳುವುದು ಮಾತ್ರ ತಡ, ಅರುಣೋದಯದ ಪೂಜೆಗೆ ಕೊಯ್ಯಲು ಹೋದರೆ ಇನ್ನೂ ಸುರುಳಿಯಾಗಿಯೇ ಇರುತ್ತದೆ. ಹಿಂದಿನ ಸಂಜೆ ಬಲಿತ ಮೊಗ್ಗನ್ನು ಕಿತ್ತು ಒಳಗಿಟ್ಟರೆ ಬೆಳಿಗ್ಗೆ ಅರಳಿರುತ್ತದೆ, ನೀರೂ ಬೇಡ.

ದಾಸವಾಳಕ್ಕೆ ಚಳಿಗಿಂತ ಕಾಟ ಹಿಟ್ಟುತಿಗಣೆಯದು. ಬೆಳವಣಿಗೆ ನಿಂತ ಗಿಡದ ತುದಿಗಳಲ್ಲಿ ಅದು ಬಿಳಿ ಹತ್ತಿಯಂತೆ ಕೂರುತ್ತದೆ. ಲೀಟರ್ ನೀರಿಗೆ 5 ಮಿಲಿ ಬೇವಿನೆಣ್ಣೆ, ಅದು ಬೆರೆಯಲು 2 ಮಿಲಿ ಪಾತ್ರೆ ತೊಳೆಯುವ ದ್ರಾವಣ. ಚಳಿಯಲ್ಲಿ ಸಂಜೆ ಹೊಡೆದರೆ ಎಲೆ ರಾತ್ರಿಯಿಡೀ ಒದ್ದೆಯಾಗಿರುತ್ತದೆ. ಬೆಳಿಗ್ಗೆ ಒಂಬತ್ತರ ಸುಮಾರಿಗೆ, ಬಿಸಿಲು ಚುರುಕಾಗುವ ಮೊದಲು ಮುಗಿಸಬೇಕು.

ನಂದಿಬಟ್ಟಲು ಎಲೆಯ ಮಟ್ಟಿಗೆ ಎರಡೂ ಕಡೆ ಕದಲಲಿಲ್ಲ. ಆದರೆ ಅದು ಮಳೆ-ಬೇಸಿಗೆಯ ಗಿಡ, ಚಳಿಯಲ್ಲಿ ಹೂ ಅಲ್ಲೊಂದು ಇಲ್ಲೊಂದು. ಒಂಟಿ ಎಸಳಿನದ್ದು ಸುತ್ತು ಎಸಳಿನದ್ದಕ್ಕಿಂತ ಹೆಚ್ಚು ಕೊಟ್ಟಿತು.

ಕಣಗಿಲೆಯ ಬಗ್ಗೆ ಚರ್ಚೆಯೇ ಇಲ್ಲ. ಶೂನ್ಯಕ್ಕಿಂತ ಕೆಳಗಿನ ಚಳಿಯನ್ನೂ ಸ್ವಲ್ಪ ಮಟ್ಟಿಗೆ ತಡೆಯುವ ಗಿಡಕ್ಕೆ ಪುಣೆ ಯಾವ ಲೆಕ್ಕ. ಅದು ಕೆಡುವುದು ನೀರು ನಿಂತಾಗ ಮಾತ್ರ. ಚಳಿಯಲ್ಲಿ ಇದರದ್ದೂ ಹೂ ಕಡಿಮೆ, ಪೂರ್ಣ ಬಿಸಿಲು ಸಿಗದ ಬಾಲ್ಕನಿಯಲ್ಲಿ ಶೂನ್ಯ. ಮೈಯೆಲ್ಲ ವಿಷ, ಮಕ್ಕಳು, ನಾಯಿ ಇರುವ ಮನೆಯಲ್ಲಿ ಬೇಡ. ಸವರಿದ ಕಡ್ಡಿಯನ್ನು ಸುಡಲೂಬಾರದು, ಹೊಗೆಯೂ ವಿಷವೇ. ಹಳದಿ ಕಣಗಿಲೆ ಬೇರೆ ಗಿಡ, ಅದಕ್ಕೆ ಈ ತಾಳಿಕೆ ಇಲ್ಲ, ವಿಷ ಮಾತ್ರ ಇದೆ.

ಹೂವಿನ ಲೆಕ್ಕ ಹಿಡಿದರೆ ದಕ್ಷಿಣಕ್ಕೆ ಮುಖಮಾಡಿದ ಗೋಡೆಯ ಬುಡದಲ್ಲಿಟ್ಟ ದೇಸಿ ಕೆಂಪು ದಾಸವಾಳವೇ ಮೊದಲು. ಆಗಸ್ಟಿನಲ್ಲಿ ಸವರುವ ತಾಳ್ಮೆ ಇದ್ದರೆ ಕೇಪಳ ಎರಡನೆಯದು. ಎಲೆಯ ಲೆಕ್ಕವಾದರೆ ಸಾಲೇ ಬೇರೆ: ಕಣಗಿಲೆ, ನಂದಿಬಟ್ಟಲು, ದಾಸವಾಳ, ಕೊನೆಗೆ ಕೇಪಳ.

ಕುಂಡದ ಮಣ್ಣಿಗೆ ನರ್ಸರಿಯವರು ‘ಲಾಲ್ ಮಾತಿ’ ಎಂದು ಕೊಡುವ ಕೆಂಪುಮಣ್ಣು ಎರಡು ಪಾಲು, ಕಾಂಪೋಸ್ಟ್ ಒಂದು, ಕೊಕೊಪೀಟ್ ಒಂದು, ಮೇಲೆ ಒಂದು ಹಿಡಿ ಬೇವಿನ ಹಿಂಡಿ. ಕಣಗಿಲೆಗೆ ಕೊಕೊಪೀಟ್ ಬದಲು ದಪ್ಪ ಮುರುಮ್ (ಜಲ್ಲಿಯಂಥ ಗರಸು ಮಣ್ಣು). ದಸರೆ ಕಳೆದ ಮೇಲೆ ಯೂರಿಯಾ, ಸಗಣಿ ನೀರು ಯಾವುದೂ ಬೇಡ. ಎಳೆ ಚಿಗುರು ಬಂದರೆ ಮೊದಲು ಏಟು ತಿನ್ನುವುದು ಅದೇ. ಅಕ್ಟೋಬರಿನಲ್ಲಿ ಒಮ್ಮೆ ಸಲ್ಫೇಟ್ ಆಫ್ ಪೊಟ್ಯಾಶ್ 5 ಗ್ರಾಂ ಕೊಟ್ಟರೆ ಸಾಕು. ನೀರಿಗೆ ಮೊದಲು ಬೆರಳನ್ನು ಎರಡು ಇಂಚು ಇಳಿಸಿ ನೋಡಿ, ಒಣಗಿದ್ದರೆ ಮಾತ್ರ, ಹತ್ತು-ಹನ್ನೊಂದು ಗಂಟೆಗೆ. ತೆರೆದ ಆಕಾಶದ ಕೆಳಗೆ ಎಲೆ ರಾತ್ರಿ ತನ್ನ ಬಿಸಿಯನ್ನು ಕಳೆದುಕೊಳ್ಳುತ್ತದೆ, ಸುತ್ತಲಿನ ಗಾಳಿಗಿಂತಲೂ ತಣ್ಣಗಾಗುತ್ತದೆ. ಆದ್ದರಿಂದ ಟೆರೇಸಿನ ಕುಂಡಗಳನ್ನು ಗೋಡೆಗೆ ಒತ್ತಿ, ಒಂದಕ್ಕೊಂದು ತಾಗಿಸಿ ಇಟ್ಟು, ಮೇಲೆ ಹಸಿರು ನೆಟ್ ಎಳೆಯಬೇಕು, ಬೆಳಿಗ್ಗೆ ತೆಗೆಯಬೇಕು. ಕೆಂಪು ಚುಕ್ಕೆಯ ಕೇಪಳದ ಎಲೆಗಳನ್ನು ಕೀಳಬೇಡಿ. ಫೆಬ್ರವರಿ ಮಧ್ಯದಲ್ಲಿ ಹೊಸ ಚಿಗುರು ಬರುವ ತನಕ ಗಿಡ ಉಣ್ಣುವುದು ಅವುಗಳಿಂದಲೇ.