ಜಿಪ್ಸಿ ಹೆಡ್ ಸ್ಟಡ್ ಗುಂಪಾಗಿ ಮಾಡಿಸುವವರೇ, ಝಿಂಕ್ ಹೊಳಪು ಕೇಳಬೇಡಿ

ಸಂಜೆ ಇಂಜಿನ್ ಬ್ಲಾಕಿನ ಮೇಲೆ ಹೆಡ್ ಕೂರಿಸಿ, ಟಾರ್ಕ್ ರೆಂಚ್ ಹಿಡಿದು ಮೂರು ಹಂತದಲ್ಲಿ ಬಿಗಿ ಮಾಡಿ, ಶೆಡ್ಡಿಗೆ ಬೀಗ ಹಾಕಿದ್ದಾರೆ. ಇಂಜಿನ್ ಒಂದು ಸಲವೂ ಸ್ಟಾರ್ಟ್ ಆಗಿಲ್ಲ. ಬೆಳಿಗ್ಗೆ ಬಂದು ನೋಡಿದರೆ ಹೆಡ್ಡನ್ನು ಬ್ಲಾಕಿಗೆ ಹಿಡಿದಿಡುವ, ತಲೆಯಿಲ್ಲದೆ ಎರಡೂ ತುದಿಗೆ ಥ್ರೆಡ್ ಇರುವ ಹತ್ತು ಸ್ಟಡ್‌ಗಳಲ್ಲಿ ಎರಡು ತುಂಡಾಗಿವೆ, ಮೇಲಿನ ಚೂರು ನಟ್ಟು ವಾಷರ್ ಸಮೇತ ಹೆಡ್ಡಿನ ಮೇಲೆ ಉರುಳಿಕೊಂಡಿದೆ. ಇದು ಮೂಡಿಗೆರೆ ಕಡೆಯ ಒಂದು ಮಾರುತಿ ಜಿಪ್ಸಿಯಲ್ಲಿ ಆದದ್ದು. ಮರುದಿನ ಸಕಲೇಶಪುರದ ಇನ್ನೊಂದು ಗಾಡಿಯಲ್ಲಿ ಮೂರು ಹೋದವು. ಎರಡೂ ಒಂದೇ ಬ್ಯಾಚಿನ ಮಾಲು: ಹಾಸನ, ಚಿಕ್ಕಮಗಳೂರು ಜಿಲ್ಲೆಗಳ 32 ಜನ ದುಡ್ಡು ಕೂಡಿಸಿ ಬೆಂಗಳೂರಿನ ಒಂದು ವರ್ಕ್‌ಶಾಪಿನಲ್ಲಿ ಮಾಡಿಸಿದ 320 ಸ್ಟಡ್. ವರ್ಕ್‌ಶಾಪಿನ ಹೆಸರು ಇಲ್ಲಿ ಹಾಕುವುದಿಲ್ಲ. ಹಾಕಿದರೆ ಮಾತೆಲ್ಲ ಆ ಹೆಸರಿನ ಸುತ್ತಲೇ ತಿರುಗುತ್ತದೆ, ಸ್ಟಡ್ ಯಾಕೆ ಮುರಿಯಿತು ಅನ್ನುವುದು ಹಾಗೇ ಉಳಿಯುತ್ತದೆ.

ಮೊದಲು, ಸ್ಟಡ್ ಯಾಕೆ ಬೇಕು ಅನ್ನುವುದು. 1300 ಸಿಸಿ ಜಿಪ್ಸಿಯ ಬ್ಲಾಕ್ ಅಲ್ಯೂಮಿನಿಯಂ. ಹೆಡ್ ಬಿಚ್ಚಿ ಹಾಕಿದ ಪ್ರತಿ ಸಲ ಉಕ್ಕಿನ ಬೋಲ್ಟ್ ಅಲ್ಯೂಮಿನಿಯಂ ಥ್ರೆಡ್ಡನ್ನು ಉಜ್ಜುತ್ತಾ ತಿರುಗುತ್ತದೆ. ಸ್ಟಡ್ ಹಾಕಿದರೆ ಬ್ಲಾಕಿನೊಳಗಿನ ಥ್ರೆಡ್ ಕದಲುವುದಿಲ್ಲ, ನಟ್ ಉಕ್ಕಿನ ಮೇಲೆ ತಿರುಗುತ್ತದೆ. ರ‍್ಯಾಲಿ, ಆಟೋಕ್ರಾಸ್ ಅಂತ ವರ್ಷಕ್ಕೆ ಎರಡು ಮೂರು ಸಲ ಹೆಡ್ ಎತ್ತುವ ಗಾಡಿಗೆ ಇದು ನಿಜವಾದ ಲಾಭ. ತೋಟಕ್ಕೂ ಪೇಟೆಗೂ ಓಡಾಡುವ ಗಾಡಿಗೆ ಕಂಪನಿಯ ಹೊಸ ಬೋಲ್ಟ್ ಸಾಕು, ಖರ್ಚೂ ಕಡಿಮೆ. 32 ಜನರಲ್ಲಿ ಇಪ್ಪತ್ತಕ್ಕೂ ಹೆಚ್ಚು ಮಂದಿಗೆ ಸ್ಟಡ್ ಬೇಕಾಗಿಯೇ ಇರಲಿಲ್ಲ. ಸಂಖ್ಯೆ ಏರಿದರೆ ದರ ಇಳಿಯುತ್ತದೆ ಅಂತ ಸೇರಿಸಿಕೊಂಡದ್ದು. ಗುಂಪು ಖರೀದಿಯಲ್ಲಿ ಮೊದಲು ದಾರಿ ತಪ್ಪುವುದೇ ಇಲ್ಲಿ.

ಇಡೀ ಆರ್ಡರ್ ಒಂದು ವಾಟ್ಸಾಪ್ ಸಂದೇಶ: "10 ಎಂಎಂ, 1.25 ಪಿಚ್, 12.9 ಗ್ರೇಡ್, ಸ್ಯಾಂಪಲ್ ಥರ, ಝಿಂಕ್ ಹೊಳಪು ಬೇಕು." ಪಿಚ್ ಅಂದರೆ ಥ್ರೆಡ್ಡಿನ ಎರಡು ಏಣುಗಳ ನಡುವಿನ ಅಂತರ, ಗ್ರೇಡ್ ಅಂದರೆ ಬಲದ ದರ್ಜೆ. ಹೊಳಪು ಕೇಳಿದ್ದು ವರ್ಕ್‌ಶಾಪಿನವರಲ್ಲ, ಗುಂಪಿನವರೇ. ಮಲೆನಾಡಿನ ಮಳೆ, ತುಕ್ಕು ಹಿಡಿಯಬಾರದು ಅಂತ. ಆದರೆ ಈ ಇಂಜಿನ್ನಿನಲ್ಲಿ ಹೆಡ್ ಸ್ಟಡ್ಡಿನ ನಟ್ಟು ಕೂರುವುದು ರಾಕರ್ ಕವರಿನ ಒಳಗೆ, ಸದಾ ಎಣ್ಣೆಯಲ್ಲಿ ಮಿಂದುಕೊಂಡು. ಆಷಾಢದ ಮಳೆ ಅಲ್ಲಿಗೆ ಹೇಗೆ ಹೋಗುತ್ತದೆ ಮಾರಾಯ್ರೇ?

12.9 ಗ್ರೇಡ್ ಅಂದರೆ ಕನಿಷ್ಠ 1220 ಮೆಗಾಪ್ಯಾಸ್ಕಲ್ ಎಳೆತದ ಬಲ, ರಾಕ್‌ವೆಲ್ ಯಂತ್ರದ ಅಳತೆಯಲ್ಲಿ ಗಡಸುತನ 39ರಿಂದ 44 ಎಚ್‌ಆರ್‌ಸಿ. ಇಷ್ಟು ಗಡಸು ಉಕ್ಕನ್ನು ಎಲೆಕ್ಟ್ರೋಪ್ಲೇಟಿಂಗ್ ಮಾಡುವಾಗ ಮೊದಲು ಆಸಿಡ್ ತೊಟ್ಟಿಗೆ ಅದ್ದುತ್ತಾರೆ, ಆಮೇಲೆ ಕರೆಂಟ್ ಹರಿಯುವ ಝಿಂಕ್ ತೊಟ್ಟಿಗೆ. ಎರಡೂ ಕಡೆ ಹೈಡ್ರೋಜನ್ ಹುಟ್ಟಿ ಉಕ್ಕಿನೊಳಗೆ ನುಗ್ಗುತ್ತದೆ, ಮೇಲೆ ಕೂತ ಝಿಂಕ್ ಪದರ ಅದನ್ನು ಹೊರಗೆ ಬಿಡುವುದಿಲ್ಲ. ಸ್ಟಡ್ ಸುಮ್ಮನೆ ಡಬ್ಬಿಯಲ್ಲಿರುವಾಗ ಏನೂ ಗೊತ್ತಾಗುವುದಿಲ್ಲ. ಬಿಗಿ ಮಾಡಿ ಎಳೆತಕ್ಕೆ ಬಿದ್ದ ಮೇಲೆ ಆ ಹೈಡ್ರೋಜನ್ ಒತ್ತಡ ಹೆಚ್ಚಿರುವ ಜಾಗಕ್ಕೆ, ಅಂದರೆ ನಟ್ಟಿನ ಬುಡದ ಮೊದಲ ಥ್ರೆಡ್ಡಿನ ತಳಕ್ಕೆ, ನಿಧಾನವಾಗಿ ಸೇರಿಕೊಳ್ಳುತ್ತದೆ. ಕೆಲವು ಗಂಟೆ, ಕೆಲವೊಮ್ಮೆ ಒಂದೆರಡು ದಿನ. ಆಮೇಲೆ ಟಣ್ ಅಂತ ಮುರಿಯುತ್ತದೆ. ಇದು ಆಗದಿರಬೇಕಾದರೆ ಪ್ಲೇಟಿಂಗ್ ಮುಗಿದ 4 ಗಂಟೆಯೊಳಗೆ ಸುಮಾರು 200 ಡಿಗ್ರಿ ಸೆಲ್ಸಿಯಸ್ ಓವನ್‌ನಲ್ಲಿಟ್ಟು ಹಲವು ಗಂಟೆ ಬೇಯಿಸಬೇಕು. ಈ ಬ್ಯಾಚಿಗೆ ಬೇಕಿಂಗ್ ಆಗಿರಲಿಲ್ಲ. ವರ್ಕ್‌ಶಾಪಿನವರು ಪ್ಲೇಟಿಂಗನ್ನು ಹೊರಗೆ ಕೊಟ್ಟಿದ್ದರು. ಪ್ಲೇಟಿಂಗ್ ಮಾಡಿದವರಿಗೆ ಇದು ಇಂಜಿನ್ ಸ್ಟಡ್ ಅಂತಲೇ ಗೊತ್ತಿರಲಿಲ್ಲ, ಗೇಟಿನ ಬೋಲ್ಟಿನ ಜೊತೆ ಒಂದೇ ಡ್ರಮ್ಮಿಗೆ ಹಾಕಿ ತೆಗೆದರು.

ಇಲ್ಲಿ ಜನ ಮೋಸ ಹೋಗುವುದು ಗಡಸುತನದ ಸರ್ಟಿಫಿಕೇಟಿನಿಂದ. ಈ ಬ್ಯಾಚಿನ ಸರ್ಟಿಫಿಕೇಟ್ ಸುಳ್ಳಲ್ಲ. ಮುರಿದ ಮೇಲೆ ಮೂರು ಪೀಸ್ ಪರೀಕ್ಷೆ ಮಾಡಿಸಿದಾಗ 41, 42, 43 ಬಂತು, 12.9ಕ್ಕೆ ಸರಿಯಾಗಿಯೇ ಇದೆ. ಸರ್ಟಿಫಿಕೇಟ್ ಹೀಟ್ ಟ್ರೀಟ್‌ಮೆಂಟ್ ಆದ ದಿನದ್ದು, ಸ್ಟಡ್ ಕೆಟ್ಟಿದ್ದು ಆಮೇಲೆ. ಅರ ಉಜ್ಜಿ ನೋಡಿದರೆ ತಿಳಿಯುತ್ತದೆ ಅನ್ನುವವರ ಮಾತನ್ನೂ ಕೇಳಬೇಡಿ. ಒಳ್ಳೆಯ ಅರದ ಗಡಸುತನ 60ರ ಮೇಲೆ, 35 ಇದ್ದರೂ 43 ಇದ್ದರೂ ಅದು ಕೊರೆಯುತ್ತದೆ.

ಮಾರಿದವರ ಉತ್ತರ ನಿರೀಕ್ಷಿಸಿದ್ದೇ: "ನೀವು ಓವರ್ ಟಾರ್ಕ್ ಮಾಡಿದ್ದೀರಿ ಸಾರ್." ಇದಕ್ಕೆ ಉತ್ತರ ಮುರಿದ ಚೂರಿನಲ್ಲೇ ಇರುತ್ತದೆ, ಅದಕ್ಕೇ ಚೂರನ್ನು ಒರೆಸದೆ, ಎಣ್ಣೆ ಹಾಕದೆ, ಪ್ಲಾಸ್ಟಿಕ್ ಕವರಿನಲ್ಲಿ ಎತ್ತಿಡಿ. ಅತಿಯಾಗಿ ಎಳೆದು ಮುರಿದದ್ದಾದರೆ ಮುರಿದ ಜಾಗದ ಹತ್ತಿರ ಸ್ಟಡ್ ಸಣ್ಣಗಾಗಿರುತ್ತದೆ, ಪಿಚ್ ಗೇಜ್ ಇಟ್ಟರೆ ಥ್ರೆಡ್ ಹಿಗ್ಗಿರುವುದು ಕಾಣುತ್ತದೆ. ಈ ಚೂರುಗಳಲ್ಲಿ ಅದೇನೂ ಇರಲಿಲ್ಲ. ಮುರಿದ ಮುಖ ಚಪ್ಪಟೆ, ಬಿಸಿಲಿಗೆ ಹಿಡಿದರೆ ಕಲ್ಲುಸಕ್ಕರೆ ಒಡೆದ ಹಾಗೆ ಕಣಕಣವಾಗಿ ಮಿನುಗುತ್ತಿತ್ತು. ಅದೇ ಗಾಡಿಯಲ್ಲಿ ಮುರಿಯದೆ ಉಳಿದ ಎಂಟನ್ನು ಬಿಚ್ಚಿ ಹೊಸದರ ಪಕ್ಕ ಇಟ್ಟು ವರ್ನಿಯರ್‌ನಲ್ಲಿ ಅಳೆದರೆ ಉದ್ದದಲ್ಲಿ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಓವರ್ ಟಾರ್ಕ್ ಆಗಿದ್ದರೆ ಅವು ಹಿಗ್ಗಿರಬೇಕಿತ್ತು.

ಝಿಂಕ್ ತಂದ ಇನ್ನೊಂದು ಕಾಟ ನಟ್ಟಿನದು. ಹಲವರ ಸೆಟ್ಟಿನಲ್ಲಿ ನಟ್ ಎರಡು ಸುತ್ತು ಹೋಗಿ ಹಿಡಿದುಕೊಳ್ಳುತ್ತಿತ್ತು. 1.25 ಪಿಚ್‌ನಲ್ಲಿ 6ಜಿ ಟಾಲರೆನ್ಸ್ (ಥ್ರೆಡ್ಡಿನ ಅಳತೆಯ ಸಡಿಲದ ದರ್ಜೆ) ಪ್ಲೇಟಿಂಗಿಗೆ ಅಂತ ಬಿಡುವ ಜಾಗ 28 ಮೈಕ್ರಾನ್. ಥ್ರೆಡ್ಡಿನ ಇಳಿಜಾರಿನ ಮೇಲೆ ಕೂತ ಪದರ ಪಿಚ್ ವ್ಯಾಸವನ್ನು (ಥ್ರೆಡ್ಡಿನ ನಡುಮಟ್ಟದ ವ್ಯಾಸ) ತನ್ನ ದಪ್ಪದ ನಾಲ್ಕು ಪಟ್ಟು ಏರಿಸುತ್ತದೆ. 8 ಮೈಕ್ರಾನ್ ಝಿಂಕ್ ಕೂತರೆ 32 ಮೈಕ್ರಾನ್, ಜಾಗ ಮುಗಿಯಿತು. ಕೆಲವರು ಡೈ ಹಾಕಿ ಥ್ರೆಡ್ ಬಿಡಿಸಿಕೊಂಡರು. ಆ ಡೈ ಝಿಂಕಿನ ಜೊತೆ ಉಕ್ಕನ್ನೂ ಕೆರೆದು ಥ್ರೆಡ್ಡಿನ ತಳದಲ್ಲಿ ಗೀರು ಬಿಡುತ್ತದೆ. ಹಿಡಿದುಕೊಂಡ ನಟ್ಟನ್ನು ಹಾಗೇ ಎಳೆದರೆ ರೆಂಚ್ ಕ್ಲಿಕ್ ಅನ್ನುತ್ತದೆ, ಆದರೆ ಟಾರ್ಕ್ ಉಜ್ಜಾಟದಲ್ಲೇ ಖರ್ಚಾಗಿ ಹೆಡ್ ಮೇಲೆ ಹಿಡಿತವೇ ಬಂದಿರುವುದಿಲ್ಲ.

ಟಾರ್ಕ್ ವಿಷಯಕ್ಕೆ ಬಂದದ್ದರಿಂದ ಹೇಳುವುದು: ಸರ್ವೀಸ್ ಪುಸ್ತಕದ ಅಂಕಿ ಕಂಪನಿ ಬೋಲ್ಟಿಗೆ, ಅದು ಹೇಳುವ ಎಣ್ಣೆಗೆ. ಸ್ಟಡ್ಡಿಗೆ ಅದನ್ನೇ ಕಣ್ಣುಮುಚ್ಚಿ ಹಾಕಬೇಡಿ. 10 ಎಂಎಂ ವ್ಯಾಸಕ್ಕೆ ಉದಾಹರಣೆ ನೋಡಿ. 67 ನ್ಯೂಟನ್ ಮೀಟರ್ ಟಾರ್ಕ್‌ಗೆ ಸಾಮಾನ್ಯ ಇಂಜಿನ್ ಆಯಿಲ್‌ನಲ್ಲಿ ಸುಮಾರು 45 ಕಿಲೋನ್ಯೂಟನ್ ಹಿಡಿತ ಸಿಗುತ್ತದೆ. ಒಣಗಿದ ಥ್ರೆಡ್ ಆದರೆ 33ರ ಆಸುಪಾಸು. ಮಾಲಿಬ್ಡಿನಂ ಗ್ರೀಸ್ ಹಚ್ಚಿದರೆ 56ರ ಹತ್ತಿರ. 1.25 ಪಿಚ್‌ನ 10.9 ಸ್ಟಡ್ಡಿನ ಪ್ರೂಫ್ ಲೋಡ್, ಅಂದರೆ ಶಾಶ್ವತವಾಗಿ ಹಿಗ್ಗದೆ ತಡೆಯುವ ಎಳೆತ, 50.8 ಕಿಲೋನ್ಯೂಟನ್. ಗ್ರೀಸ್ ಬದಲಿಸಿದ್ದಕ್ಕೇ ಸ್ಟಡ್ ತನ್ನ ಮಿತಿ ದಾಟಿತು, ರೆಂಚಿನ ಅಂಕಿ ಮಾತ್ರ ಹಾಗೇ ಇದೆ. ಜೊತೆಗೆ ಅಲ್ಯೂಮಿನಿಯಂ ಬಿಸಿಗೆ ಉಕ್ಕಿನ ಹೆಚ್ಚುಕಡಿಮೆ ಎರಡರಷ್ಟು ಹಿಗ್ಗುತ್ತದೆ, ಇಂಜಿನ್ ಕಾದಾಗ ಎಳೆತ ಇನ್ನೂ ಏರುತ್ತದೆ.

ನಟ್ಟು ವಾಷರ್ ಬಗ್ಗೆ ಸಂದೇಶದಲ್ಲಿ ಒಂದಕ್ಷರವೂ ಇರಲಿಲ್ಲ. ಬಂದದ್ದು ತಲೆಯ ಮೇಲೆ ಗುರುತೇ ಇಲ್ಲದ ಅಂಗಡಿ ನಟ್ಟು, ಪಂಚ್ ಹೊಡೆದ ಮೆತ್ತನೆ ವಾಷರ್. 12.9 ಸ್ಟಡ್ಡಿಗೆ 12ನೇ ಕ್ಲಾಸಿನ ನಟ್ಟು, 10.9ಕ್ಕೆ 10ನೇ ಕ್ಲಾಸಿನದು ಬೇಕು. 10.9ಕ್ಕೆ ವಾಷರ್ 300 ವಿಕರ್ಸ್ (ಗಡಸುತನದ ಇನ್ನೊಂದು ಅಳತೆ) ಗಡಸುತನದ್ದು. ಮೆತ್ತನೆಯದು ನಟ್ಟಿನಡಿ ಬಟ್ಟಲಿನ ಹಾಗೆ ಕುಸಿಯುತ್ತದೆ, ವಾರದೊಳಗೆ ಹಿಡಿತ ಇಳಿದು ಗ್ಯಾಸ್ಕೆಟ್ ಸೋರಲು ಶುರು.

ಉದ್ದದ್ದು ಬೇರೆಯೇ ಗೊಂದಲ. ಜಿಪ್ಸಿ ಅಂದರೆ ಒಂದೇ ಇಂಜಿನ್ ಅಲ್ಲ: 970 ಸಿಸಿಯ ಹಳೆಯದು, 1996ರ 8 ವಾಲ್ವಿನ 1300, 2000ದಲ್ಲಿ ಬಂದ, ಇಂಜೆಕ್ಟರಿನಿಂದ ಪೆಟ್ರೋಲ್ ಕೊಡುವ 16 ವಾಲ್ವಿನ ಎಂಪಿಎಫ್‌ಐ. ಒಂದಕ್ಕೆ ಮಾಡಿಸಿದ್ದು ಇನ್ನೊಂದಕ್ಕೆ ಆಗುತ್ತದೆ ಅಂತ ಊಹಿಸಬೇಡಿ. ಹೆಡ್ ಸ್ಕಿಮ್ ಮಾಡಿಸಿದ (ತಳ ಕೆರೆದು ಸಮ ಮಾಡಿಸಿದ) ಗಾಡಿಯಲ್ಲಿ ಅಳತೆ ಮತ್ತೆ ಬದಲು. ಪಟ್ಟಿಯಲ್ಲಿ ಹೆಸರಿನ ಪಕ್ಕ ಇಂಜಿನ್ ನಂಬರು, ವಾಲ್ವ್ ಎಷ್ಟು, ಬಿಚ್ಚಿದ ಹಳೆಯ ಬೋಲ್ಟನ್ನು ಸ್ಕೇಲ್ ಪಕ್ಕ ಇಟ್ಟು ತೆಗೆದ ಫೋಟೋ, ಈ ಮೂರೂ ಇಲ್ಲದವರನ್ನು ಸೇರಿಸಿಕೊಳ್ಳಬೇಡಿ.

ಇನ್ನು ದುಡ್ಡು. ಒಂದು ಸೆಟ್ಟಿಗೆ 5,400 ರೂಪಾಯಿ, ಒಟ್ಟು 1,72,800. ಬಿಲ್ ಬೇಕೆಂದರೆ ಶೇ. 18 ಜಿಎಸ್‌ಟಿ ಸೇರಿ 6,372 ಆಗುತ್ತಿತ್ತು. ತಲೆಗೆ 972 ರೂಪಾಯಿ ಉಳಿಯಿತು ಅಂತ ಎಲ್ಲರೂ ಖುಷಿ. ಅದೇ 972 ಆಮೇಲೆ ಕುತ್ತಿಗೆಗೆ ಬಂತು: ಬಿಲ್ ಇಲ್ಲ, ಮಾಲಿನ ವಿವರ ಇಲ್ಲ, ಕೊಂಡವರು ಯಾರು ಅನ್ನುವುದಕ್ಕೆ ದಾಖಲೆ ಇಲ್ಲ. ಇರುವುದು ಒಬ್ಬರ ಉಳಿತಾಯ ಖಾತೆಗೆ ಬಂದ ಯುಪಿಐ ಹಣ, ಅಲ್ಲಿಂದ ವರ್ಕ್‌ಶಾಪ್ ಮಾಲೀಕರ ಸ್ವಂತ ನಂಬರಿಗೆ ಹೋದ ಹಣ. ಕಾಗದದ ಪ್ರಕಾರ 32 ಜನರಿಗೆ ಸ್ಟಡ್ ಮಾರಿದವರು ಆ ಹಣ ಕೂಡಿಸಿದವರೇ! ಪೂರ್ತಿ ಹಣ ಕೈಬಿಟ್ಟದ್ದೂ ಡಬ್ಬಿ ಪ್ಯಾಕ್ ಆದ ಫೋಟೋ ನೋಡಿ. ಫೋಟೋದಲ್ಲಿ ಎಲ್ಲ ಸ್ಟಡ್ಡೂ ಚೆಂದವೇ.

ಆದ್ದರಿಂದ ಹಣವನ್ನು ಗುಂಪಿನ ಯಾರ ಖಾತೆಗೂ ಹಾಕಬೇಡಿ. ಪ್ರತಿಯೊಬ್ಬರೂ ತಮ್ಮ ಹೆಸರಿನ ಪ್ರೊಫಾರ್ಮಾ (ಮುಂಗಡ ಬಿಲ್) ತರಿಸಿಕೊಂಡು ನೇರ ವರ್ಕ್‌ಶಾಪಿನ ಕರೆಂಟ್ ಅಕೌಂಟಿಗೆ ಕಟ್ಟಲಿ, ಬಿಲ್ಲೂ ಅವರವರ ಹೆಸರಿಗೇ ಬರಲಿ. ಒಬ್ಬರೇ ಕೂಡಿಸಲೇಬೇಕಾದರೆ ಪಟ್ಟಿಯ ಕ್ರಮಸಂಖ್ಯೆಯನ್ನು ಮೊತ್ತಕ್ಕೆ ಸೇರಿಸಿ ಹಾಕಿಸಿಕೊಳ್ಳಿ: 7ನೆಯವರು 5,407, 19ನೆಯವರು 5,419. ಇಲ್ಲಿ ಎಲ್ಲರೂ 5,400 ಹಾಕಿದ್ದರಿಂದ, ಮಗನ ಫೋನಿನಿಂದ, ಭಾವನ ಫೋನಿನಿಂದ ಬಂದ ಎರಡು ಪಾವತಿ ಯಾರದೆಂದು ಕೊನೆಯವರೆಗೂ ಬಗೆಹರಿಯಲಿಲ್ಲ.

ಬಿಲ್ ಇದ್ದರೆ ಗ್ರಾಹಕ ಆಯೋಗದ ದಾರಿ ಇದೆ. 2019ರ ಕಾಯ್ದೆಯ ಪ್ರಕಾರ ದೂರನ್ನು ನೀವು ವಾಸಿಸುವ ಜಿಲ್ಲೆಯಲ್ಲೇ ಕೊಡಬಹುದು, ಬೆಂಗಳೂರಿಗೆ ಅಲೆಯಬೇಕಿಲ್ಲ. ಗಡುವು 2 ವರ್ಷ. 5 ಲಕ್ಷದವರೆಗಿನ ಖರೀದಿಗೆ ಶುಲ್ಕವಿಲ್ಲ. ಮೊದಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ನೋಡಬಹುದು. ಗಾಡಿಯನ್ನು ಬಾಡಿಗೆಗೆ ಬಿಟ್ಟಿರುವವರು ಒಂದು ಮಾತು ನೆನಪಿಡಿ: ವ್ಯಾಪಾರಕ್ಕೆ ಕೊಂಡದ್ದು ಅಂತ ಎದುರಿನವರು ತಕರಾರು ತೆಗೆಯುತ್ತಾರೆ, ಸ್ವಂತ ಜೀವನೋಪಾಯಕ್ಕೆ ಅಂತ ತೋರಿಸಬೇಕಾಗುತ್ತದೆ.

ಆರ್ಡರ್ ಹೀಗಿರಲಿ, ಡ್ರಾಯಿಂಗ್ ಹಾಳೆಯ ಮೇಲೆ, ವರ್ಕ್‌ಶಾಪಿನವರ ಸಹಿ ಸಮೇತ. ಒಟ್ಟು ಉದ್ದ, ಎರಡೂ ತುದಿಯ ಥ್ರೆಡ್ ಉದ್ದ ಬೇರೆ ಬೇರೆಯಾಗಿ. ಬ್ಲಾಕ್ ಕಡೆ 20 ಎಂಎಂ, ಅಲ್ಯೂಮಿನಿಯಂಗೆ ವ್ಯಾಸದ ಎರಡರಷ್ಟು ಹಿಡಿತ ಬೇಕು. ಉಕ್ಕು ಇಎನ್19 ಅಥವಾ ಇಎನ್24 (ಎರಡೂ ಮಿಶ್ರ ಉಕ್ಕಿನ ದರ್ಜೆಗಳು). ಗ್ರೇಡ್ 10.9, ಗಡಸುತನ 32ರಿಂದ 39 ಎಚ್‌ಆರ್‌ಸಿ. ಬ್ಲಾಕಿನ ಥ್ರೆಡ್ಡೇ ಸರಪಳಿಯ ಮೆತ್ತನೆ ಕೊಂಡಿ ಆಗಿರುವಾಗ 12.9 ತಗೊಂಡು ಏನು ಮಾಡುತ್ತೀರಿ? ಥ್ರೆಡ್ ರೋಲ್ ಮಾಡಿದ್ದು (ಒತ್ತಿ ಮೂಡಿಸಿದ್ದು), ಡೈಯಲ್ಲಿ ಕೊರೆದದ್ದಲ್ಲ. ಇಲ್ಲಿ ಸ್ಯಾಂಪಲ್ ರೋಲ್ ಆಗಿತ್ತು, ಬ್ಯಾಚ್ ಕೊರೆದದ್ದಾಗಿತ್ತು, "ಸ್ಯಾಂಪಲ್ ಥರ" ಅನ್ನುವ ಪದಕ್ಕೆ ಅಷ್ಟೇ ಬೆಲೆ. ಮೇಲ್ಮೈ ಕಪ್ಪು ಬ್ಲ್ಯಾಕನಿಂಗ್ ಮತ್ತು ಎಣ್ಣೆ, ಎಲೆಕ್ಟ್ರೋಪ್ಲೇಟಿಂಗ್ ಕೂಡದು ಅಂತ ಬಿಡಿಸಿ ಬರೆಯಿರಿ. ನಟ್ಟು ವಾಷರ್ ಕ್ಲಾಸ್ ಕೂಡ. 32 ಸೆಟ್ಟಿಗೆ 320 ಅಲ್ಲ, 336 ಮಾಡಿಸಿ: 10 ಪರೀಕ್ಷೆಗೆ, 6 ಕಳೆದುಹೋಗುವುದಕ್ಕೆ.

ಬ್ಯಾಚ್ ತಯಾರಾದ ಮೇಲೆ, ಬಾಕಿ ಹಣಕ್ಕೆ ಮುಂಚೆ, ಆ 10ನ್ನು ನೀವೇ ಡಬ್ಬಿಗೆ ಕೈ ಹಾಕಿ ಆರಿಸಿಕೊಳ್ಳಿ. ಐದನ್ನು ಗಡಸುತನಕ್ಕೆ ಕೊಡಿ. ಹಾಸನದ ಮಲೆನಾಡು ಇಂಜಿನಿಯರಿಂಗ್ ಕಾಲೇಜು, ಚಿಕ್ಕಮಗಳೂರಿನ ಆದಿಚುಂಚನಗಿರಿ ತಾಂತ್ರಿಕ ಕಾಲೇಜುಗಳ ಮೆಕ್ಯಾನಿಕಲ್ ವಿಭಾಗದಲ್ಲಿ ಪತ್ರ ಕೊಟ್ಟು ಕೇಳಿ ನೋಡಿ, ರಾಕ್‌ವೆಲ್ ಯಂತ್ರ ವಿದ್ಯಾರ್ಥಿಗಳ ಪ್ರಯೋಗಕ್ಕೇ ಬೇಕಾದದ್ದು. ಉಳಿದ ಐದನ್ನು ದಪ್ಪ ಉಕ್ಕಿನ ಬುಷ್ ಒಳಗೆ ತೂರಿಸಿ, ಎರಡೂ ಕಡೆ ನಟ್ಟು ಹಾಕಿ, ಇಂಜಿನ್ನಿಗೆ ಹಾಕುವಷ್ಟೇ ಟಾರ್ಕ್‌ಗೆ ಎಳೆದು 48 ಗಂಟೆ ಬಿಡಿ. ಮೇಲೊಂದು ಗೋಣಿಚೀಲ ಮುಚ್ಚಿ, ಮುರಿದರೆ ಚೂರು ಗುಂಡಿನ ಹಾಗೆ ಹಾರುತ್ತದೆ. ಒಂದು ಮುರಿದರೂ ಇಡೀ ಬ್ಯಾಚ್ ವಾಪಸ್.

ಈಗಾಗಲೇ ಝಿಂಕ್ ಹೊಳಪಿನ 12.9 ಸ್ಟಡ್ ತಂದಿಟ್ಟುಕೊಂಡವರು ಈಗ ಮನೆ ಓವನ್‌ನಲ್ಲಿ ಕಾಯಿಸಿ ಸರಿ ಮಾಡುತ್ತೇವೆ ಅಂದುಕೊಳ್ಳಬೇಡಿ. ಆ ಕೆಲಸದ ಹೊತ್ತು ಪ್ಲೇಟಿಂಗ್ ಆದ ದಿನವೇ ಮುಗಿಯಿತು, ಒಳಗೆ ಬಿದ್ದ ಸಣ್ಣ ಬಿರುಕು ಕಾಯಿಸಿದರೆ ಕೂಡುವುದಿಲ್ಲ. ಗಾಡಿಗೆ ಹಾಕಿದ್ದರೆ ಓಡಿಸಬೇಡಿ. ಕೂಲೆಂಟ್ ಇಳಿಸಿ, ಬಿಗಿ ಮಾಡಿದ ಕ್ರಮದ ಉಲ್ಟಾ ಕ್ರಮದಲ್ಲಿ, ಪ್ರತಿ ನಟ್ಟನ್ನೂ ಕಾಲು ಸುತ್ತಿನಂತೆ ಸಡಿಲಿಸುತ್ತಾ ಬನ್ನಿ. ಸ್ಟಡ್ಡನ್ನು ಬ್ಲಾಕಿಗೆ ಕೈಬಿಗಿಗೆ ಮಾತ್ರ ಹಾಕಿದ್ದವರಿಗೆ ಮುರಿದ ಬುಡ ಇಕ್ಕಳದಲ್ಲೇ ತಿರುಗಿ ಬರುತ್ತದೆ, ಪಾನಾ ಹಾಕಿ ಒತ್ತಿದ್ದವರಿಗೆ ಡ್ರಿಲ್ಲು, ಹೆಲಿಕಾಯಿಲ್ (ಹಾಳಾದ ಥ್ರೆಡ್ಡಿನ ಜಾಗಕ್ಕೆ ಹಾಕುವ ತಂತಿ ಸುರುಳಿ). ಹೊಸದು ಹಾಕುವಾಗ ಬ್ಲಾಕಿನ ತೂತಿನಲ್ಲಿ ನಿಂತ ಎಣ್ಣೆ, ನೀರನ್ನು ಪೂರ್ತಿ ಊದಿ ತೆಗೆಯಿರಿ, ತಳ ಮುಚ್ಚಿದ ತೂತಿನಲ್ಲಿ ದ್ರವ ಉಳಿದರೆ ಬಿಗಿ ಮಾಡುವಾಗ ಬ್ಲಾಕೇ ಸೀಳುತ್ತದೆ. ಬಿಚ್ಚಿದ ಸ್ಟಡ್ಡುಗಳ ಥ್ರೆಡ್ಡಿನ ಮೇಲೆ ಗ್ರೈಂಡರ್ ಎಳೆದು ಆಮೇಲೆ ಗುಜರಿಗೆ ಹಾಕಿ. ಇದೇ ಬ್ಯಾಚಿನ ಒಂದು ಸೆಟ್ "ಹೊಚ್ಚ ಹೊಸದು, ಬಳಸಿಲ್ಲ, 3,000 ರೂಪಾಯಿ" ಅಂತ ಆಗಲೇ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೊರಟಿತ್ತು.