ತಂತಿ ಜಾಲರಿಯ ಇಲಿಬೋನು: ಕೊಕ್ಕೆಯೊಂದನ್ನು ಸರಿಮಾಡಿಕೊಂಡರೆ ಚಿನ್ನ

ಈ ಬೋನಿನ ಮೇಲೆ ನನಗಿರುವ ದೂರು ಒಂದೇ, ಆದರೆ ಅದು ಸಣ್ಣದಲ್ಲ. ಕೊಕ್ಕೆ ತೀರಾ ಬಿಗಿ. ಬೆಳಗ್ಗೆ ಎದ್ದು ನೋಡಿದರೆ ಬಾಗಿಲು ತೆರೆದೇ ಇರುತ್ತದೆ, ಕೊಬ್ಬರಿ ಚೂರು ಖಾಲಿಯಾಗಿರುತ್ತದೆ, ಪಕ್ಕದಲ್ಲಿ ಅಕ್ಕಿಕಾಳಿನಷ್ಟು ಕಪ್ಪು ಹಿಕ್ಕೆ ಬಿದ್ದಿರುತ್ತದೆ. ದುಡ್ಡು ಕೊಟ್ಟು ತಂದ ಬೋನಿನಲ್ಲಿ ಇಲಿಗೆ ರಾತ್ರಿಯೂಟ ಬಡಿಸಿದಂತಾಯಿತು ಎಂದು ಮೊದಲ ಮಳೆಗಾಲವಿಡೀ ನಾನು ಕುದಿದಿದ್ದೇನೆ.

ನಮ್ಮದು ಮಲೆನಾಡಿನ ಹಳೆಯ ಹೆಂಚಿನ ಮನೆ. ಜೂನ್‌ನಲ್ಲಿ ಮಳೆ ಹಿಡಿದು ಗದ್ದೆಯ ಬದುಗಳಲ್ಲಿ, ಬೇಲಿಸಾಲಿನಲ್ಲಿ ಬಿಲಗಳಿಗೆ ನೀರು ನುಗ್ಗಿತೆಂದರೆ ಇಲಿಗಳು ಒಣ ಜಾಗ ಹುಡುಕಿಕೊಂಡು ಒಳಗೆ ಬರುತ್ತವೆ. ಅಟ್ಟದಲ್ಲಿ ಅಡಿಕೆ ಚೀಲ, ಅಡುಗೆಮನೆಯಲ್ಲಿ ಅಕ್ಕಿ, ಓಡಾಡಲು ಜಂತಿ. ಅವಕ್ಕೆ ಇನ್ನೇನು ಬೇಕು? ಪೇಟೆಯ ಹಾರ್ಡ್‌ವೇರ್ ಅಂಗಡಿಯಲ್ಲಿ ಇನ್ನೂರು ರೂಪಾಯಿಯ ಆಸುಪಾಸಿನಲ್ಲಿ ಸಿಕ್ಕ ಬೋನು ಇದು. ಹಲವು ಮಳೆಗಾಲ ಕಂಡಿದೆ, ಒಂದು ಮೂಲೆ ತುಕ್ಕು ಹಿಡಿದಿದೆ, ಸ್ಪ್ರಿಂಗ್ ಮಾತ್ರ ಇನ್ನೂ ಹೊಸದರಂತೆಯೇ ಇದೆ.

ಬೋನು ಎಂದರೇನೆಂದು ಯಾರಿಗೂ ಹೇಳಬೇಕಿಲ್ಲ. ಒಳಗಿನ ಕೊಕ್ಕೆಯನ್ನು ಇಲಿ ಎಳೆದರೆ ಮೇಲಿನ ಸರಳು ಕಳಚಿ ಬಾಗಿಲು ಟಪ್ಪೆಂದು ಬೀಳಬೇಕು. ತೊಂದರೆ ಈ ಎಳೆಯುವುದರಲ್ಲೇ ಇದೆ. ಅಟ್ಟದ ದೊಡ್ಡ ಇಲಿ 150 ಗ್ರಾಂ ದಾಟಿ ತೂಗುತ್ತದೆ, ಅದು ಕಚ್ಚಿ ಎಳೆದರೆ ಯಾವ ಕೊಕ್ಕೆಯೂ ಕಳಚುತ್ತದೆ. ಅಡುಗೆಮನೆಯ ಚಿಟ್ಟಿಲಿ ಸುಮಾರು 20 ಗ್ರಾಂ. ಅದು ಎಳೆಯುವುದೂ ಇಲ್ಲ, ತುದಿಯಿಂದ ಕೆರೆದು ಕೆರೆದು ತಿನ್ನುತ್ತದೆ. ಮಾಡುವವರು ದೊಡ್ಡ ಇಲಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡುತ್ತಾರೆ, ಮಾರುವವರು ಎಲ್ಲ ಇಲಿಗೂ ಆಗುತ್ತದೆ ಎಂದು ಮಾರುತ್ತಾರೆ. ಚಿಟ್ಟಿಲಿ ಮೂರು ವಾರಕ್ಕೆಲ್ಲ ಮರಿ ಹಾಕುತ್ತದೆ, ಒಂದು ಸಲಕ್ಕೆ ಐದಾರು. ಕೊಕ್ಕೆ ಕೈಕೊಟ್ಟ ಒಂದೊಂದು ವಾರಕ್ಕೂ ಬೆಲೆ ತೆರಬೇಕಾಗುತ್ತದೆ.

ಸಿಟ್ಟಿನಲ್ಲಿ ಅದನ್ನು ಗುಜರಿಗೆ ಹಾಕುವವಳಿದ್ದೆ. ನಮ್ಮ ಮಾವ ತಡೆದರು. ಅರ ತಂದು ಸರಳಿನ ತುದಿಯನ್ನೂ ಅದು ಕೂರುವ ಕೊಕ್ಕೆಯ ಬಾಗನ್ನೂ ನಯವಾಗಿ ಉಜ್ಜಿ, ಒಂದು ತೊಟ್ಟು ಕೊಬ್ಬರಿ ಎಣ್ಣೆ ಬಿಟ್ಟರು. ಸರಳು ಕೊಕ್ಕೆಗೆ ಕೂದಲೆಳೆಯಷ್ಟೇ ತಗುಲಿಕೊಂಡಿರಬೇಕು, ಅದೇ ಗುಟ್ಟು. ಅಂದಿನಿಂದ ಈ ಬೋನಿನ ಮೇಲಿನ ನನ್ನ ಅಭಿಪ್ರಾಯವೇ ಬದಲಾಯಿತು.

ಈಗ ರಾತ್ರಿ ಪಾತ್ರೆ ತೊಳೆದಾದ ಮೇಲೆ ಬೋನು ಹೂಡುವ ಕೆಲಸ ನನ್ನದು, ಅದನ್ನು ಬೇರೆಯವರಿಗೆ ಬಿಟ್ಟುಕೊಡುವುದಿಲ್ಲ. ಕೊಬ್ಬರಿ ಚೂರನ್ನು ಇಕ್ಕಳದಲ್ಲಿ ಹಿಡಿದು ಒಲೆಯ ಉರಿಯಲ್ಲಿ ಅಂಚು ಕಪ್ಪಾಗುವವರೆಗೆ ಸುಡುತ್ತೇನೆ. ಎಣ್ಣೆ ಜಿನುಗಿ ಪರಿಮಳ ಅಡುಗೆಮನೆ ತುಂಬುತ್ತದೆ. ಅದನ್ನು ಬರೀ ಚುಚ್ಚಿದರೆ ಸಾಲದು, ಹೂ ಕಟ್ಟುವ ದಾರದಿಂದ ಕೊಕ್ಕೆಗೆ ಬಿಗಿಯಾಗಿ ಸುತ್ತುತ್ತೇನೆ. ದಾರ ಸುತ್ತಿದ್ದರೆ ಚಿಟ್ಟಿಲಿಯೂ ಜಗ್ಗಲೇಬೇಕು. ಬೋನನ್ನು ನಡುಮನೆಯಲ್ಲಿ ಇಟ್ಟರೆ ಪ್ರಯೋಜನವಿಲ್ಲ. ಇಲಿ ಗೋಡೆಗೆ ಮೈ ಒತ್ತಿಕೊಂಡೇ ಓಡುವುದರಿಂದ ಬಾಗಿಲ ಕಡೆ ಗೋಡೆಯ ಅಂಚಿಗೆ ಬರುವಂತೆ ಇಡಬೇಕು. ದೀಪ ಆರಿಸಿ ಮಲಗಿದ ಮೇಲೆ ಆ ‘ಟಪ್’ ಕೇಳಿಸಿದರೆ ಸಿಗುವ ನೆಮ್ಮದಿ ದೊಡ್ಡದು.

ಬೇರೆ ದಾರಿಗಳನ್ನೂ ನೋಡಿದ್ದೇವೆ. ವಿಷದ ಬಿಲ್ಲೆ ತಿಂದ ಇಲಿ ಕೂಡಲೇ ಸಾಯುವುದಿಲ್ಲ. ಅದರಲ್ಲಿರುವ ಬ್ರೋಮಡಿಯೋಲೋನ್ ಎಂಬ ವಿಷ ರಕ್ತ ಹೆಪ್ಪುಗಟ್ಟದಂತೆ ಮಾಡಿ ಕೆಲವು ದಿನಗಳ ಮೇಲೆ ಕೊಲ್ಲುತ್ತದೆ. ಅಷ್ಟರೊಳಗೆ ಇಲಿ ಕೈಗೆಟುಕದ ಸಂದಿ ಸೇರಿರುತ್ತದೆ, ವಾಸನೆ ಹದಿನೈದು ದಿನ ಕಾಡುತ್ತದೆ. ಸತ್ತ ಇಲಿ ತಿಂದ ಬೆಕ್ಕಿಗೂ ಗೂಬೆಗೂ ಅದೇ ವಿಷ ಸೇರುತ್ತದೆ. ಪ್ಲಗ್ಗಿಗೆ ಸಿಕ್ಕಿಸುವ ಶಬ್ದದ ಯಂತ್ರಕ್ಕೆ ಗೋಡೆ ದಾಟುವ ಶಕ್ತಿಯೂ ಇಲ್ಲ, ಇಲಿಗಳು ಬೇಗ ಅದಕ್ಕೆ ಒಗ್ಗಿಯೂ ಬಿಡುತ್ತವೆ. ಅಂಟಿನ ಹಲಗೆಯನ್ನಂತೂ ದಯವಿಟ್ಟು ಯಾರೂ ತರಬೇಡಿ. ನೆಂಟರ ಮನೆಯಲ್ಲಿ ಕಂಡಿದ್ದೇನೆ: ಚರ್ಮ ಕಿತ್ತುಕೊಂಡು, ರಾತ್ರಿಯೆಲ್ಲ ಕಿರುಚಿ, ಬೆಳಗ್ಗೆಯೂ ಜೀವ ಹೋಗಿರಲಿಲ್ಲ. ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯೇ ಅದನ್ನು ನಿಷೇಧಿಸುವಂತೆ ರಾಜ್ಯಗಳಿಗೆ ಹೇಳಿದೆ. ಹಾಗಿದ್ದೂ ಅಂಗಡಿಯ ಗಲ್ಲಾದ ಪಕ್ಕದಲ್ಲೇ ಜೋಡಿಸಿಟ್ಟಿರುವುದನ್ನು ಕಂಡಾಗ ಹೊಟ್ಟೆ ಉರಿಯುತ್ತದೆ.

ಬೋನಿಗೆ ಬಿದ್ದದ್ದನ್ನು ಬೆಳಗ್ಗೆಯೇ ಗೋಣಿ ಹೊದಿಸಿ, ಊರಿನಾಚೆಯ ಹಾಳು ಗದ್ದೆಗೆ ಒಯ್ದು ಬಿಡುತ್ತೇವೆ. ಹಿತ್ತಿಲಲ್ಲಿ ಬಿಟ್ಟರೆ ನಮಗಿಂತ ಮೊದಲು ಮನೆ ಸೇರಿರುತ್ತದೆ. ಬಂದ ಮೇಲೆ ಕೈಗವಸು ಹಾಕಿಕೊಂಡು ಬೋನನ್ನು ಬ್ಲೀಚಿಂಗ್ ಪುಡಿಯ ನೀರಿನಲ್ಲಿ ತೊಳೆದು ಬಿಸಿಲಿಗೆ ಇಡಬೇಕು. ಇಲಿಜ್ವರ ಹರಡುವುದು ಮೂತ್ರದಿಂದ, ಮಳೆಗಾಲದಲ್ಲಂತೂ ಉದಾಸೀನ ಕೂಡದು. ಹಿಕ್ಕೆಯನ್ನೂ ಒಣಗಿದ್ದಂತೆಯೇ ಗುಡಿಸಬೇಡಿ, ಇದೇ ನೀರು ಚಿಮುಕಿಸಿ ಒರೆಸಿ ತೆಗೆಯಿರಿ.

ಒಂದು ಮಾತು ನಿಜ, ಬೋನು ಒಳಗೆ ಬಂದದ್ದನ್ನು ಹಿಡಿಯುತ್ತದೆಯೇ ಹೊರತು ಬರುವುದನ್ನು ತಡೆಯುವುದಿಲ್ಲ. ಪೆನ್ಸಿಲ್ ತೂರುವಷ್ಟು ಕಿಂಡಿ ಇದ್ದರೂ ಚಿಟ್ಟಿಲಿ ನುಸುಳುತ್ತದೆ. ಬಚ್ಚಲ ಕೊಳವೆಯ ಸುತ್ತಲಿನ ಸಂದಿಗೆ ಪಾತ್ರೆ ತಿಕ್ಕುವ ಸ್ಟೀಲ್ ನಾರು ತುರುಕಿ ಸಿಮೆಂಟ್ ಮೆತ್ತಿಸಿದ ಮೇಲೆ ನಮ್ಮ ಬೋನಿಗೆ ಕೆಲಸ ಅರ್ಧಕ್ಕಿಳಿಯಿತು. ಬೋನಿನ ಜಾಲರಿಗೂ ಇದೇ ಲೆಕ್ಕ, ಕಣ್ಣು ಅಗಲವಿದ್ದರೆ ಮರಿಗಳು ಹಾಯಾಗಿ ಹೊರಬರುತ್ತವೆ.

ಹೊಸದಾಗಿ ಕೊಳ್ಳುವವರು ಅಂಗಡಿಯಲ್ಲೇ ಬಾಗಿಲೆತ್ತಿ, ಸರಳು ಸಿಕ್ಕಿಸಿ, ಕೊಕ್ಕೆಯನ್ನು ಬೆಂಕಿಕಡ್ಡಿಯಿಂದ ಮೆಲ್ಲಗೆ ಜಗ್ಗಿ ನೋಡಿ. ಕಡ್ಡಿ ಮುರಿದರೂ ಬಾಗಿಲು ಬೀಳದಿದ್ದರೆ ಇನ್ನೊಂದು ಬೋನು ತೆಗೆಸಿ. ಒಂದೇ ರಾಶಿಯಲ್ಲಿದ್ದರೂ ಒಂದರ ಕೊಕ್ಕೆಯಂತೆ ಇನ್ನೊಂದರದ್ದು ಇರುವುದಿಲ್ಲ.